ನಿಂತು ಹಳತಾದ ಗಾಡಿ: ಬಳಸಿದ ಮೋಟರ್‌ಹೋಮ್ ಪರೀಕ್ಷಿಸಿ ಮನೆಗೆ ತರುವ ಬಗೆ

ಬಳಸಿದ ಮೋಟರ್‌ಹೋಮ್, ಎಂದರೆ ಒಳಗೇ ಹಾಸಿಗೆ, ಅಡುಗೆ ಜಾಗ ಇರುವ ಮನೆಗಾಡಿ, ನೋಡಲು ಹೋಗುವ ಹಿಂದಿನ ದಿನ ಮಾರುವವರಿಗೆ ಫೋನ್ ಮಾಡಿ ಮೂರು ವಿಷಯ ಕೇಳಿಕೊಳ್ಳುತ್ತೇನೆ. ಫ್ರಿಜ್ಜನ್ನು ಇವತ್ತು ರಾತ್ರಿಯೇ ಹಾಕಿಡಿ. ನೀರಿನ ಟ್ಯಾಂಕನ್ನು ಅರ್ಧವಾದರೂ ತುಂಬಿಸಿ, ಗ್ಯಾಸ್ ಸಿಲಿಂಡರ್ ಖಾಲಿಯಾಗಿರದಂತೆ ನೋಡಿಕೊಳ್ಳಿ. ಎಂಜಿನ್ ಮಾತ್ರ ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ. ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ ಇರುವ, ಗ್ಯಾಸಿನ ಉರಿಯಲ್ಲೂ ಕರೆಂಟಿನಲ್ಲೂ ಓಡುವ ಅಬ್ಸಾರ್ಪ್ಷನ್ ಫ್ರಿಜ್ಜು ತಣ್ಣಗಾಗಲು ಐದಾರು ಗಂಟೆ ಬೇಕು. ಹೋದ ಮೇಲೆ ಹಾಕಿಸಿದರೆ ಅದು ಕೆಲಸ ಮಾಡುತ್ತದೆಯೋ ಇಲ್ಲವೋ ತಿಳಿಯದೆಯೇ ವಾಪಸು ಬರಬೇಕಾಗುತ್ತದೆ. ಎಂಜಿನ್ನನ್ನು ಮೊದಲೇ ಬಿಸಿ ಮಾಡಿಟ್ಟರೆ, ತಣ್ಣಗಿದ್ದಾಗ ಸೆಲ್ಫ್ ಹೊಡೆಯಲು ಅದು ಪಡುವ ಕಷ್ಟವೂ ಮೊದಲ ಹೊಗೆಯ ಬಣ್ಣವೂ ಕಾಣಸಿಗುವುದಿಲ್ಲ. ಹೋದ ಕೂಡಲೇ ನಾನು ಮೊದಲು ಮಾಡುವ ಕೆಲಸ ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡುವುದು.

ಅದೇ ಫೋನಿನಲ್ಲಿ ಚಾಸಿ ನಂಬರನ್ನೂ ಕೇಳಿ ಬರೆದುಕೊಳ್ಳುತ್ತೇನೆ. ಬಹುಪಾಲು ಮೋಟರ್‌ಹೋಮುಗಳಿಗೆ ಇಬ್ಬರು ತಯಾರಕರು: ಚಾಸಿ ಒಬ್ಬರದು, ಅದರ ಮೇಲಿನ ಮನೆ ಇನ್ನೊಬ್ಬರದು. ದೋಷ ಸರಿಪಡಿಸಲು ಗಾಡಿ ವಾಪಸು ಕರೆಸುವ ರೀಕಾಲ್ ಇಬ್ಬರಿಂದಲೂ ಬೇರೆ ಬೇರೆಯಾಗಿ ಬಂದಿರಬಹುದು; ಫ್ರಿಜ್ಜು, ಹೀಟರ್ ಮಾಡಿದವರಿಂದಲೂ ಬಂದಿರಬಹುದು. ಚಾಸಿಯ ಇಸವಿ ಮನೆಯ ಇಸವಿಗಿಂತ ಒಂದು ವರ್ಷ ಹಿಂದಿನದಾಗಿದ್ದರೆ ಅದು ಮೋಸವಲ್ಲ, ಚಾಸಿ ಕಾರ್ಖಾನೆಯಿಂದ ಬಂದು ಕಾದಿದ್ದ ಕಾಲ ಅದು.

ಓಡಿದ ಕಿಲೋಮೀಟರ್ ಕಡಿಮೆ ಎನ್ನುವುದನ್ನು ನಾನು ಒಳ್ಳೆಯ ಗುಣವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಈ ಗಾಡಿಗಳು ವರ್ಷಕ್ಕೆ ಕೆಲವು ವಾರ ರಸ್ತೆಗಿಳಿದು ಉಳಿದ ದಿನವೆಲ್ಲ ಮಳೆ ಬಿಸಿಲಿಗೆ ನಿಂತಿರುತ್ತವೆ. ಹದಿನೈದು ವರ್ಷಕ್ಕೆ 30,000 ಕಿ.ಮೀ. ಓಡಿದ್ದರೆ ಟೈರು, ರಬ್ಬರ್ ಪೈಪು, ಬ್ರೇಕು, ಇಂಧನ ಟ್ಯಾಂಕು ಎಲ್ಲವೂ ನಿಂತಲ್ಲೇ ಮುದಿಯಾಗಿವೆ ಎಂದು ತಿಳಿಯುತ್ತೇನೆ. ಮುಂದೆ ಹೇಳುವ ಪರೀಕ್ಷೆಗಳ ಸರದಿಯೂ ಇದೇ ಲೆಕ್ಕಾಚಾರದ್ದು.

ಚೀಲದಲ್ಲಿ ಇರಬೇಕಾದವು: ಗೋಡೆಯ ತೇವ ಅಳೆಯುವ ಎರಡು ಮುಳ್ಳಿನ ಮಾಯ್ಶ್ಚರ್ ಮೀಟರ್, ವೋಲ್ಟ್ ಅಳೆಯುವ ಮಲ್ಟಿಮೀಟರ್, ಒಳ್ಳೆಯ ಟಾರ್ಚು, ಉದ್ದ ಹಿಡಿಕೆಯ ಪುಟ್ಟ ಕನ್ನಡಿ, ಗಾಳಿ ಒತ್ತಡ ನೋಡುವ ಗೇಜು, ಪಾತ್ರೆ ತೊಳೆಯುವ ಸೋಪಿನ ನೀರು ತುಂಬಿದ ಸ್ಪ್ರೇ ಬಾಟಲಿ, ಕೆಳಗೆ ಮಲಗಿ ನೋಡಲು ಒಂದು ಹಾಸು, ಏಣಿ, ಅಳತೆ ಟೇಪು.

ಮೊದಲು ಮನೆ, ಆಮೇಲೆ ಎಂಜಿನ್. ಎಂಜಿನ್ ಕೆಟ್ಟರೆ ರಿಪೇರಿ ಮಾಡಬಲ್ಲ ಮೆಕ್ಯಾನಿಕ್ ಎಲ್ಲಾದರೂ ಸಿಗುತ್ತಾನೆ. ಗೋಡೆಯೊಳಗೆ ನೀರು ಹೊಕ್ಕು ಮರದ ಚೌಕಟ್ಟು ಕೊಳೆತಿದ್ದರೆ ಆ ಗಾಡಿಯನ್ನು ಅರ್ಧ ಬಿಚ್ಚಿ ಮತ್ತೆ ಕಟ್ಟಬೇಕು. ಎಷ್ಟೋ ಸಲ ಗಾಡಿಯ ಬೆಲೆಗಿಂತ ಆ ಕೆಲಸವೇ ಹೆಚ್ಚಾಗುತ್ತದೆ. ಹಳೆಯ ಗಾಡಿಗಳ ಗೋಡೆ ಎಂದರೆ ಹೊರಗೆ ತೆಳು ಅಲ್ಯೂಮಿನಿಯಂ ಇಲ್ಲವೆ ಫೈಬರ್ ಹಾಳೆ, ನಡುವೆ ಥರ್ಮಾಕೋಲಿನಂಥ ಪದರ ಮತ್ತು ಮರದ ಪಟ್ಟಿಗಳು, ಒಳಗೆ ತೆಳು ಪ್ಲೈವುಡ್. ಒಂದು ಸ್ಕ್ರೂ ತೂತಿನಿಂದ ಹೊಕ್ಕ ನೀರು ಮರದ ಪಟ್ಟಿ ಹಿಡಿದು ಇಳಿದು ಮೀಟರ್ ದೂರದಲ್ಲಿ ತಲೆಯೆತ್ತುತ್ತದೆ. ಹೀಗಾಗಿ ಕಲೆ ಕಂಡ ಜಾಗವೇ ಸೋರುವ ಜಾಗ ಎಂದುಕೊಳ್ಳಬಾರದು.

ಬಾಗಿಲು ತೆರೆದು ಒಳಗೆ ಕಾಲಿಟ್ಟಾಗ ಮೂಗಿಗೆ ಬರುವ ಮುಗ್ಗಲು ವಾಸನೆಯೇ ಮೊದಲ ಸುಳಿವು. ಅತ್ತರಿನ ಘಾಟು ಇದ್ದರೂ ನನಗೆ ಅನುಮಾನ. ಆಮೇಲೆ ಮೇಲಿನ ಕಪಾಟುಗಳನ್ನೆಲ್ಲ ಖಾಲಿ ಮಾಡಿಸಿ ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತುತ್ತಾ ಹೋಗುತ್ತೇನೆ. ಒಳ್ಳೆಯ ಗೋಡೆ ಗಟ್ಟಿಯಾಗಿರುತ್ತದೆ. ಕೊಳೆತದ್ದು ನೆಂದ ರಟ್ಟಿನ ಹಾಗೆ ತಗ್ಗುತ್ತದೆ. ಡ್ರೈವರ್ ತಲೆಯ ಮೇಲಿನ ಹಾಸಿಗೆಯ ಮುಂಭಾಗ, ಛಾವಣಿಯ ಕಿಂಡಿಗಳ ಸುತ್ತ, ಕಿಟಕಿಗಳ ಕೆಳಮೂಲೆ, ಹಿಂಬದಿಯ ಎರಡೂ ಮೂಲೆ, ಹೊರಗೆ ಮಡಚುವ ಛತ್ರಿಯ ಪಟ್ಟಿ ಕೂರಿಸಿದ ಗೆರೆ, ಚಕ್ರದ ಮೇಲಿನ ಡಬ್ಬಿ, ಇವು ಸಾಮಾನ್ಯ ದಾರಿಗಳು. ಹಾಸಿಗೆ ಎತ್ತಿ ಕೆಳಗೆ ನೋಡಲೇಬೇಕು. ಮಾಯ್ಶ್ಚರ್ ಮೀಟರನ್ನು ಗೋಡೆಯುದ್ದಕ್ಕೂ ಒಂದೊಂದು ಗೇಣಿಗೆ ಹಿಡಿಯುತ್ತೇನೆ, ಕಪಾಟಿನ ಒಳಬದಿ ಮುಳ್ಳು ಚುಚ್ಚಿದ ಗುರುತು ಕಾಣದ ಕಡೆ. 15 ಶೇಕಡದೊಳಗೆ ಇದ್ದರೆ ಚಿಂತೆಯಿಲ್ಲ. 15ರಿಂದ 20ರ ನಡುವೆ ಇದ್ದರೆ ಆ ಜಾಗಕ್ಕೆ ಮರಳಿ ಬರುತ್ತೇನೆ. 20 ದಾಟಿದರೆ ನೀರು ಒಳಗೆ ಬರುತ್ತಿದೆ, 30 ದಾಟಿದರೆ ಮರವೇ ಹೋಗಿರುವ ಸಂಭವ ಹೆಚ್ಚು. ಒಂದೇ ಅಂಕಿಗಿಂತ ಎಡಗೋಡೆ ಬಲಗೋಡೆಗಳ ಹೋಲಿಕೆಯೇ ಹೆಚ್ಚು ಹೇಳುತ್ತದೆ. ತಿಂಗಳುಗಟ್ಟಲೆ ಒಣ ಹವೆ ಇದ್ದರೆ ಸೋರುವ ಗೋಡೆಯೂ ಒಣಗಿದಂತೆ ತೋರಬಹುದು. ಸಾಧ್ಯವಾದರೆ ಒಂದು ಮಳೆ ಬಿದ್ದ ಮಾರನೆಯ ದಿನ ಹೋಗಿ.

ಹೊರಗೆ ಗೋಡೆಗೆ ಟಾರ್ಚನ್ನು ಒರಗಿಸಿ ಹಿಡಿದು ಉದ್ದಕ್ಕೆ ನೋಡಿದರೆ ಉಬ್ಬು ತಗ್ಗು ನೆರಳಾಗಿ ಎದ್ದು ಕಾಣುತ್ತದೆ. ಉಬ್ಬಿದ ಕಡೆ ಹಾಳೆ ಒಳಪದರದಿಂದ ಬಿಟ್ಟುಕೊಂಡಿದೆ. ಏಣಿಯ ಮೇಲಿಂದ ಛಾವಣಿಯ ಕೀಲುಗಳನ್ನು ನೋಡುವಾಗ ಸಂದು ಮುಚ್ಚಲು ಹಚ್ಚಿದ ಹಳೆಯ ಸೀಲೆಂಟಿನ ಮೇಲೆ ಬಾತ್‌ರೂಮಿನ ಸಿಲಿಕೋನ್ ಮೆತ್ತಿದ್ದರೆ ಅದು ಕೆಟ್ಟ ಲಕ್ಷಣ. ಯಾರೋ ಸೋರುವುದನ್ನು ಮುಚ್ಚಿದ್ದಾರೆ, ಜೊತೆಗೆ ಮುಂದಿನ ಕೆಲಸವನ್ನೂ ಕೆಡಿಸಿದ್ದಾರೆ. ಸಿಲಿಕೋನ್ ಇದ್ದ ಜಾಗಕ್ಕೆ ಬೇರೆ ಸೀಲೆಂಟ್ ಹಿಡಿಯುವುದಿಲ್ಲ, ಕೊನೆಯ ಎಳೆಯವರೆಗೂ ಕೆರೆದು ತೆಗೆಯಬೇಕು. ಚೌಕಟ್ಟಿನ ಅಡಿಯಲ್ಲಿ ಮೆತ್ತನೆಯ ರಬ್ಬರಿನಂಥ ಅಂಟು ಬ್ಯುಟೈಲ್ ಟೇಪು, ಮೇಲೆ ಛಾವಣಿಗೆಂದೇ ಇರುವ ಸೀಲೆಂಟು, ಇದು ಸರಿಯಾದ ಕೆಲಸ. ಬಾಗಿಲ ಬಳಿ, ಸ್ನಾನದ ಜಾಗದ ಬಳಿ ನೆಲ ಕಾಲಡಿಯಲ್ಲಿ ಸ್ಪ್ರಿಂಗಿನಂತೆ ಕುಸಿದರೆ ಅಲ್ಲಿಯೂ ಪದರ ಬಿಟ್ಟಿದೆ ಎಂದೇ ಅರ್ಥ.

ಫ್ರಿಜ್ಜಿನ ಹಿಂಬದಿಯ ಹೊರಜಾಲರಿ ತೆಗೆದು ನೋಡಿ. ಅಮೋನಿಯಾದ ಮೂಗಿಗೆ ರಾಚುವ ವಾಸನೆ ಅಥವಾ ಪೈಪಿನ ಮೇಲೆ ಹಳದಿ ಪುಡಿ ಕಂಡರೆ ಅದರ ಕೂಲಿಂಗ್ ಯೂನಿಟ್ ಮುಗಿದಿದೆ. ಮಾರುವವರು ಮನೆಯ ಕರೆಂಟಿನಲ್ಲಿ ಓಡಿಸಿ ತೋರಿಸಿದ್ದರೆ ಗ್ಯಾಸಿನಲ್ಲೂ ಹೊತ್ತಿಸಿ ನೋಡಿ. ಬರ್ನರಿನಲ್ಲಿ ಜೇಡರ ಬಲೆ, ಮಸಿ ಕಟ್ಟಿರುವುದು ಸಾಮಾನ್ಯ. ಗ್ಯಾಸಿನ ಪ್ರತಿ ಕೀಲಿಗೂ ಸೋಪಿನ ನೀರು ಹೊಡೆದು ಗುಳ್ಳೆ ಬರುತ್ತದೆಯೇ ನೋಡುತ್ತೇನೆ. ರಬ್ಬರ್ ಪೈಪು ಮತ್ತು ರೆಗ್ಯುಲೇಟರಿನ ಮೇಲೆ ತಯಾರಾದ ದಿನಾಂಕ ಇರುತ್ತದೆ. ಹತ್ತು ವರ್ಷ ದಾಟಿದ್ದನ್ನು ಪರೀಕ್ಷೆ ಮಾಡುತ್ತಾ ಕೂರುವುದಿಲ್ಲ, ಬದಲಾಯಿಸುತ್ತೇನೆ. ಸಿಲಿಂಡರ್ ಪೆಟ್ಟಿಗೆಯ ತಳದಲ್ಲಿರುವ ತೂತುಗಳಿಗೆ ಚಳಿಯೆಂದು ಬಟ್ಟೆ ತುರುಕಿರುವುದು ಉಂಟು. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಕೆಳಗಿಳಿದು ಆ ತೂತುಗಳಿಂದಲೇ ಹೊರಹೋಗಬೇಕು. ಅವನ್ನು ಮುಚ್ಚುವುದೆಂದರೆ ಜೀವದ ಜೊತೆ ಆಟ. ವಾಸನೆಯಿಲ್ಲದ ವಿಷಗಾಳಿ ಕಾರ್ಬನ್ ಮೊನಾಕ್ಸೈಡಿನ ಅಲಾರಾಂ ಬಟನ್ ಒತ್ತಿದರೆ ಕೂಗುತ್ತದೆ ಎಂಬುದಷ್ಟೇ ಸಾಲದು, ಹಿಂದಿರುವ ಬದಲಿಸಬೇಕಾದ ವರ್ಷವನ್ನೂ ಓದಿ.

ನೀರಿನ ಪಂಪ್ ಹಾಕಿ ನಲ್ಲಿಗಳನ್ನೆಲ್ಲ ಒಮ್ಮೆ ಬಿಟ್ಟು ಮುಚ್ಚಿದ ಮೇಲೆ ಪಂಪು ಸುಮ್ಮನಾಗಬೇಕು. ಹತ್ತು ನಿಮಿಷದೊಳಗೆ ತಾನಾಗಿ ಒಂದು ಸಲ ಗುರ್ ಎಂದರೂ ಎಲ್ಲೋ ಜಿನುಗುತ್ತಿದೆ. ನೀರು ಬರುವುದನ್ನು ಬಿಸಿನೀರಿನ ನಲ್ಲಿಯಲ್ಲಿ ಕಣ್ಣಾರೆ ಕಂಡ ಮೇಲಷ್ಟೇ ಗೀಸರ್ ಹಾಕಿ. ಗಾಡಿಯ ಮನೆಭಾಗದ ದೀಪ, ಪಂಪಿಗೆ ಇರುವ ಬ್ಯಾಟರಿಯನ್ನು ಚಾರ್ಜರಿನಿಂದ ಬಿಡಿಸಿ ಕೆಲವು ಗಂಟೆ ಆದ ಮೇಲೆ ಅಳೆದರೆ ಸೀಸದ ಬ್ಯಾಟರಿಯಲ್ಲಿ 12.7 ವೋಲ್ಟ್ ಎಂದರೆ ತುಂಬಿದೆ, 12.2 ಎಂದರೆ ಅರ್ಧ. ಎಲ್ಲ ದೀಪ ಹಾಕಿ ಅರ್ಧ ಗಂಟೆ ಬಿಟ್ಟು ಮತ್ತೆ ಅಳೆಯಿರಿ, ಸತ್ತ ಬ್ಯಾಟರಿ ಅಷ್ಟರಲ್ಲೇ ಕುಸಿದಿರುತ್ತದೆ.

ಈಗ ಟೈರು. ಮೋಟರ್‌ಹೋಮಿನ ಟೈರು ಸವೆಯುವ ಮೊದಲು ಒಣಗಿ ಸಾಯುತ್ತದೆ, ಹಾಗಾಗಿ ಹಲ್ಲಿನ ಆಳ ನೋಡಿ ಮೋಸಹೋಗಬಾರದು. ಪಕ್ಕದ ಗೋಡೆಯ ಮೇಲೆ ‘ಡಾಟ್’ (DOT) ಅಕ್ಷರಗಳ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ: 2317 ಎಂದರೆ 2017ರ 23ನೆಯ ವಾರ. ಈ ಅಂಕಿ ಒಂದು ಬದಿಯಲ್ಲಿ ಮಾತ್ರ ಇರಬಹುದು, ಒಳಬದಿಗಿದ್ದರೆ ಕೆಳಗೆ ಮಲಗಿ ಕನ್ನಡಿ ಹಿಡಿಯಬೇಕು. ಆರೇಳು ವರ್ಷ ದಾಟಿದ ಟೈರಿನಲ್ಲಿ ನಾನು ದೂರ ಹೋಗುವುದಿಲ್ಲ. ಹತ್ತು ದಾಟಿದ್ದರೆ ಮಾರುವವರ ಊರಿನಲ್ಲೇ ಹೊಸದು ಹಾಕಿಸಿ ಹೊರಡುತ್ತೇನೆ, ಆ ಖರ್ಚನ್ನು ಮೊದಲೇ ಬೆಲೆಯಲ್ಲಿ ಕಳೆದಿರುತ್ತೇನೆ. ಹಿಂದೆ ಜೋಡಿ ಚಕ್ರವಿದ್ದರೆ ಒಳಟೈರನ್ನು ಯಾರೂ ನೋಡಿರುವುದಿಲ್ಲ, ಗಾಳಿಯೂ ಅದರಲ್ಲೇ ಕಡಿಮೆ ಇರುತ್ತದೆ. ಗಾಳಿ ಕಡಿಮೆಯಾದ ಟೈರು ಭಾರಕ್ಕೆ ಬಾಗಿ ಬಾಗಿ ಬಿಸಿಯಾಗಿ ಸಿಡಿಯುತ್ತದೆ. ಸಿಡಿದ ಟೈರಿನ ಪಟ್ಟಿ ಚಕ್ರದ ಮೇಲಿನ ಡಬ್ಬಿಯನ್ನೂ ಅಲ್ಲಿ ಹಾದ ಪೈಪು ವೈರುಗಳನ್ನೂ ಕಿತ್ತುಹಾಕುತ್ತದೆ. ಸ್ಟೆಪ್ನಿಯ ವಯಸ್ಸನ್ನೂ ನೋಡಿ. ಅನೇಕ ಗಾಡಿಗಳಲ್ಲಿ ಸ್ಟೆಪ್ನಿಯೇ ಇರುವುದಿಲ್ಲ.

ಎಂಜಿನ್ ಸ್ಟಾರ್ಟ್ ಮಾಡುವಾಗ ಒಬ್ಬರು ಹಿಂದೆ ನಿಂತಿರಬೇಕು. ನೀಲಿ ಹೊಗೆ ಆಯಿಲ್ ಉರಿಯುವುದರ ಗುರುತು, ಬಿಳಿ ಹೊಗೆ ನಿಲ್ಲದೆ ಬಂದರೆ ಎಂಜಿನ್ ತಂಪಾಗಿಸುವ ಕೂಲೆಂಟ್ ಒಳಗೆ ಹೋಗುತ್ತಿರಬಹುದು, ಕಪ್ಪು ಹೊಗೆಗೆ ಇಂಧನ ಹೆಚ್ಚಾಗಿರುವುದೋ ಗಾಳಿ ಸಾಲದಿರುವುದೋ ಕಾರಣ. ಏರ್ ಫಿಲ್ಟರ್ ಡಬ್ಬಿ ತೆರೆದರೆ ಇಲಿಗೂಡು ಸಿಕ್ಕರೂ ಆಶ್ಚರ್ಯವಿಲ್ಲ. ಸಿಕ್ಕಿದರೆ ವೈರುಗಳನ್ನು ಕಡಿದಿವೆಯೇ ಎಂದು ಹುಡುಕಿ. ಎಂಜಿನ್ನಿನ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಟೈಮಿಂಗ್ ಬೆಲ್ಟಿಗೆ ಕಿಲೋಮೀಟರಿನ ಜೊತೆ ವರ್ಷದ ಮಿತಿಯೂ ಇದೆ. ಬದಲಿಸಿದ ಬಿಲ್ಲು ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ಹಿಡಿಯಿರಿ, ಯಾಕೆಂದರೆ ಬೆಲ್ಟು ತುಂಡಾದರೆ ಅನೇಕ ಎಂಜಿನ್ನುಗಳಲ್ಲಿ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಭಾರದ ಗಾಡಿ ಉದ್ದ ಇಳಿಜಾರಿನಲ್ಲಿ ಇಳಿಯುವಾಗ ಆಯಿಲ್ ಕುದಿದು ಆವಿಯಾಗಿ ಪೆಡಲ್ ತಳ ಮುಟ್ಟುವುದು ಹೀಗೆ. ಎರಡು ವರ್ಷದೊಳಗೆ ಬದಲಿಸಿದ ದಾಖಲೆ ಇಲ್ಲದಿದ್ದರೆ ಹೊರಡುವ ಮುನ್ನ ಬದಲಿಸುವುದೇ ಒಳ್ಳೆಯದು.

ತೂಕವನ್ನು ಬಹಳ ಜನ ಮರೆಯುತ್ತಾರೆ. ಚಾಸಿಯ ಪಟ್ಟಿಯಲ್ಲಿ ಒಟ್ಟು ಮಿತಿ, ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಎಂದು ಬೇರೆ ಬೇರೆ ಅಂಕಿ ಇರುತ್ತದೆ. ವೇಬ್ರಿಡ್ಜಿನಲ್ಲಿ ಮೂರನ್ನೂ ತೂಗಿಸಿ. 100 ಲೀಟರ್ ನೀರೆಂದರೆ 100 ಕೆ.ಜಿ. ಹಿಂದಿನ ಚಕ್ರದಾಚೆ ಉದ್ದ ಬಾಲವಿರುವ ಗಾಡಿಯಲ್ಲಿ ತುದಿಗೆ ಸೈಕಲ್ಲು ನೇತುಹಾಕಿದರೆ ಹಿಂದಿನ ಆಕ್ಸಲ್ಲಿಗೆ ಸೈಕಲ್ಲಿನ ತೂಕಕ್ಕಿಂತ ಹೆಚ್ಚು ಬೀಳುತ್ತದೆ, ಮುಂದಿನದು ಹಗುರಾಗುತ್ತದೆ. ಅನೇಕ ದೇಶಗಳಲ್ಲಿ 3,500 ಕೆ.ಜಿ. ಸಾಮಾನ್ಯ ಕಾರು ಲೈಸೆನ್ಸಿನ ಗಡಿಯೂ ಹೌದು.

ಕೊಂಡು ತರುವ ದಿನಕ್ಕೆ ವಿಮೆ ಆರಂಭವಾಗಿರಬೇಕು; ಕೆಟ್ಟು ನಿಂತರೆ ಎಳೆದೊಯ್ಯುವ ಸೇವೆ ಆ ಗಾಡಿಯ ಎತ್ತರ, ತೂಕಕ್ಕೆ ಒಪ್ಪುತ್ತದೆಯೇ ಕೇಳಿ. ಜೊತೆಗೆ ಒಯ್ಯುವುದು: ಇಂಧನ ಫಿಲ್ಟರ್ ಎರಡು, ಎಂಜಿನ್ ಆಯಿಲ್ 2 ಲೀಟರ್, ಕೂಲೆಂಟ್ ಇಲ್ಲವೆ ನೀರು 5 ಲೀಟರ್, ಫ್ಯೂಸುಗಳು, ಬೆಲ್ಟು, ನಟ್ಟನ್ನು ಹೇಳಿದಷ್ಟೇ ಬಿಗಿಯುವ ಟಾರ್ಕ್ ವ್ರೆಂಚ್, ಗಾಡಿಯ ತೂಕ ಎತ್ತಬಲ್ಲ ಜಾಕು ಮತ್ತು ಅದರಡಿಗೆ ಇಡಲು ದಪ್ಪ ಹಲಗೆ, ಬೆಂಕಿ ಆರಿಸುವ ಸಿಲಿಂಡರು, ಅಂಟುಪಟ್ಟಿ, ಮುಟ್ಟದೆ ಶಾಖ ಅಳೆಯುವ ಥರ್ಮಾಮೀಟರ್. ಇಂಧನ ಫಿಲ್ಟರ್ ಎರಡೇಕೆ ಎಂದರೆ, ನಿಂತ ಟ್ಯಾಂಕಿನ ತಳದ ಕೊಳೆ ರಸ್ತೆಯ ಕುಲುಕಿಗೆ ಎದ್ದು ಫಿಲ್ಟರನ್ನು ಕಟ್ಟುತ್ತದೆ. ಏರಿನಲ್ಲಿ ಗಾಡಿ ಎಳೆಯದೆ ಸೋಲುತ್ತದೆ, ಸ್ವಲ್ಪ ನಿಲ್ಲಿಸಿ ಹೊರಟರೆ ಸರಿಯೆನಿಸುತ್ತದೆ, ಮತ್ತೆ ಸೋಲುತ್ತದೆ. ಡೀಸೆಲ್ ಗಾಡಿಯಾದರೆ ಫಿಲ್ಟರ್ ಬದಲಿಸಿದ ಮೇಲೆ ಗಾಳಿ ತೆಗೆಯುವ ಕ್ರಮವನ್ನು ಮೊದಲೇ ತಿಳಿದಿರಿ. ಹೊಸ ಇಂಧನ ತುಂಬಿಸಿ ಹೊರಟು, ಟ್ಯಾಂಕು ಕಾಲುಭಾಗಕ್ಕಿಂತ ಕೆಳಗಿಳಿಯಲು ಬಿಡಬೇಡಿ.

ಹೊರಡುವ ಮುನ್ನ ಗ್ಯಾಸ್ ಸಿಲಿಂಡರ್ ಮುಚ್ಚಿ, ಬಳಸಿದ ನೀರಿನ ಟ್ಯಾಂಕು ಖಾಲಿ ಮಾಡಿ, ಛಾವಣಿಯ ಕಿಂಡಿ, ಆಂಟೆನಾ, ಮೆಟ್ಟಿಲು, ಕಪಾಟಿನ ಚಿಲಕ, ಫ್ರಿಜ್ಜಿನ ಬಾಗಿಲು ಎಲ್ಲವನ್ನೂ ಗಾಡಿಯ ಸುತ್ತ ಒಮ್ಮೆ ನಡೆದು ನೋಡುತ್ತೇನೆ. ಛಾವಣಿಯ ಮೇಲಿನ ಎಸಿ, ಪೆಟ್ಟಿಗೆಗಳನ್ನೂ ಸೇರಿಸಿ ಎತ್ತರ ಅಳೆದು ಸ್ಟೀರಿಂಗ್ ಎದುರು ದೊಡ್ಡ ಅಕ್ಷರದಲ್ಲಿ ಅಂಟಿಸುವುದು ಕಡ್ಡಾಯ. ಪುಸ್ತಕದಲ್ಲಿರುವ ಎತ್ತರವನ್ನು ನಂಬುವುದಿಲ್ಲ. ದಾರಿಯನ್ನು ಆ ಎತ್ತರಕ್ಕೆ ತಕ್ಕಂತೆ ಹಿಂದಿನ ದಿನವೇ ಗುರುತಿಸಿರುತ್ತೇನೆ. ಹೊರಡುವುದು ಬೆಳಿಗ್ಗೆ, ಬಿಡಿಭಾಗದ ಅಂಗಡಿ ತೆರೆದಿರುವ ವಾರದ ದಿನ, ಗಾಳಿ ಕಡಿಮೆ ಇರುವಾಗ.

ಮೊದಲು ಎರಡು ಮೂರು ಕಿಲೋಮೀಟರ್ ಅಲ್ಲೇ ಸುತ್ತಿ ಖಾಲಿ ಜಾಗದಲ್ಲಿ ಬ್ರೇಕ್ ಹಾಕಿ ನೋಡುತ್ತೇನೆ, ಗಾಡಿ ಒಂದು ಕಡೆಗೆ ಎಳೆಯಬಾರದು. ಆಮೇಲೆ 15 ಕಿ.ಮೀ.ಗೆ ಮೊದಲ ನಿಲುಗಡೆ. ನಿಲ್ಲಿಸುವಾಗ ಬ್ರೇಕನ್ನು ಆದಷ್ಟು ಕಡಿಮೆ ಒತ್ತಿ ತಾನಾಗಿ ನಿಧಾನವಾಗಲು ಬಿಟ್ಟು, ಇಳಿದ ಕೂಡಲೇ ಪ್ರತಿ ಚಕ್ರದ ನಡುಭಾಗದ ಶಾಖ ಅಳೆಯುತ್ತೇನೆ. ಒಂದೇ ಆಕ್ಸಲ್ಲಿನ ಎಡಕ್ಕೂ ಬಲಕ್ಕೂ 30-40 ಡಿಗ್ರಿ ಅಂತರವಿದ್ದರೆ ಬಿಸಿಯಾದ ಕಡೆ ಬ್ರೇಕ್ ಹಿಡಿದುಕೊಂಡಿದೆ ಅಥವಾ ಬೇರಿಂಗ್ ಕೆಟ್ಟಿದೆ, ಮುಂದೆ ಹೋಗಬಾರದು. ನಿಂತ ಗಾಡಿಯಲ್ಲಿ ಬ್ರೇಕ್ ಪ್ಯಾಡು ಒತ್ತುವ ಕ್ಯಾಲಿಪರಿನ ಪಿನ್ನುಗಳು ತುಕ್ಕು ಹಿಡಿದು ಅಂಟಿರುವುದು ತೀರಾ ಸಾಮಾನ್ಯ. ಅಡಿಯಲ್ಲಿ ಹನಿ ಬೀಳುತ್ತಿದೆಯೇ, ಟೈರಿನ ಗೋಡೆಯಲ್ಲಿ ಉಬ್ಬು ಎದ್ದಿದೆಯೇ ನೋಡಿ. ಮುಂದಿನ ನಿಲುಗಡೆ 50 ಕಿ.ಮೀ.ಗೆ, ಆಮೇಲೆ ಪ್ರತಿ 100ಕ್ಕೆ. ಹೊಸ ಟೈರು ಹಾಕಿಸಿದ್ದರೆ 50ರಿಂದ 100 ಕಿ.ಮೀ.ಯೊಳಗೆ ಚಕ್ರದ ನಟ್ಟುಗಳನ್ನು ತಯಾರಕರು ಹೇಳಿದ ಟಾರ್ಕಿಗೆ ಮತ್ತೆ ಬಿಗಿಯಬೇಕು.

ಗಂಟೆಗೆ 80-90 ಕಿ.ಮೀ. ಸಾಕು. ಇಳಿಜಾರಿನ ತಲೆಯಲ್ಲೇ ಗೇರ್ ಇಳಿಸಿ ಎಂಜಿನ್ನಿನ ಹಿಡಿತದಲ್ಲಿ ಇಳಿಯಿರಿ. ತಿರುವಿನಲ್ಲಿ ಹಿಂದಿನ ಬಾಲ ತಿರುಗುವ ದಿಕ್ಕಿನ ಎದುರು ಬದಿಗೆ ಹೊರಚಾಚುತ್ತದೆ. ಪೆಟ್ರೋಲ್ ಬಂಕಿನ ಕಂಬಗಳಿಗೆ ತಾಗುವುದು ಹೀಗೆಯೇ. ದೊಡ್ಡ ಲಾರಿ ಪಕ್ಕಕ್ಕೆ ಬಂದಾಗ ಮೊದಲು ಗಾಡಿಯನ್ನು ಆಚೆ ತಳ್ಳಿದಂತಾಗಿ ದಾಟುವಾಗ ತನ್ನತ್ತ ಎಳೆಯುತ್ತದೆ, ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಸಣ್ಣದಾಗಿ ಸರಿಪಡಿಸಿದರೆ ಸಾಕು.

ಮನೆ ತಲುಪಿದ ಮೇಲೆ ಗಾಡಿ ತಣ್ಣಗಾಗುವ ಮುಂಚೆ ಅಡಿಯಲ್ಲಿ ರಟ್ಟು ಹಾಸಿಡುತ್ತೇನೆ. ಬೆಳಿಗ್ಗೆ ಅದರ ಮೇಲಿನ ಹನಿಗಳ ಬಣ್ಣ, ಜಾಗ ನೋಡಿದರೆ ಯಾವ ಸೀಲ್ ಜಿನುಗುತ್ತಿದೆ ಎಂದು ತಿಳಿಯುತ್ತದೆ. ಆ ವಾರದಲ್ಲೇ ಎಂಜಿನ್ ಆಯಿಲ್, ಎಲ್ಲ ಫಿಲ್ಟರುಗಳು, ಕೂಲೆಂಟ್ ಬದಲಾವಣೆ. ನೀರಿನ ಟ್ಯಾಂಕಿಗೆ ಪ್ರತಿ ಲೀಟರಿಗೆ 1 ಮಿ.ಲೀ. ಲೆಕ್ಕದಲ್ಲಿ 5 ಶೇಕಡದ, ಸುಗಂಧ ಬೆರೆಸದ ಬ್ಲೀಚು ಬೆರೆಸಿ, ನಲ್ಲಿಗಳಲ್ಲಿ ಅದರ ವಾಸನೆ ಬರುವವರೆಗೆ ಹರಿಸಿ, ರಾತ್ರಿಯೆಲ್ಲ ಬಿಟ್ಟು, ಬೆಳಿಗ್ಗೆ ಖಾಲಿ ಮಾಡಿ ಎರಡು ಸಲ ತೊಳೆಯುವವರೆಗೆ ಅದರ ನೀರು ಕುಡಿಯುವುದಿಲ್ಲ. ಮೊದಲ ಜೋರು ಮಳೆ ಬಂದಾಗ ಟಾರ್ಚು, ಮೀಟರು ಹಿಡಿದು ಮೇಲಿನ ಕಪಾಟುಗಳ ಮೂಲೆಗಳನ್ನು ಇನ್ನೊಂದು ಸುತ್ತು ಅಳೆದು, ಕೊಳ್ಳುವ ದಿನ ಬರೆದಿಟ್ಟುಕೊಂಡ ಅಂಕಿಗಳ ಪಕ್ಕದಲ್ಲಿ ಬರೆದಿಡುತ್ತೇನೆ.