ಮುಂದಿನ ಸೈಕಲ್ಲನ್ನು ದಾಟುವ ಮುನ್ನ: ಬೆಂಗಳೂರಿನ ಆಫೀಸ್ ದಾರಿಗೆ ವೇಗದ ಲೆಕ್ಕ

ಆಫೀಸಿಗೆ ಹೋಗುವಾಗ ಮುಂದೊಂದು ಸೈಕಲ್ ಸಿಕ್ಕಿದೆ. ದಾಟಬೇಕೋ, ಹಿಂದೆಯೇ ಇರಬೇಕೋ? ಇಬ್ಬರ ವೇಗದ ನಡುವೆ ಗಂಟೆಗೆ 5 ಕಿ.ಮೀ. ಆದರೂ ವ್ಯತ್ಯಾಸ ಇದ್ದರೆ ದಾಟಿ. ಇಲ್ಲದಿದ್ದರೆ ಹಿಂದೆಯೇ ಇರಿ.

ಯಾಕೆ 5 ಅಂದರೆ, ಅವರು 15ರಲ್ಲಿ ಹೋಗುತ್ತಿದ್ದಾರೆ, ನೀವು 18ರಲ್ಲಿ ಅಂತಿಟ್ಟುಕೊಳ್ಳಿ. 5 ಮೀಟರ್ ಹಿಂದಿರುವಾಗ ಬಲಕ್ಕೆ ಸರಿಯುತ್ತೀರಿ. ಎರಡೂ ಸೈಕಲ್ಲಿನ ಉದ್ದ ಸೇರಿ ಮೂರೂವರೆ ಮೀಟರ್. ಅವರನ್ನು ಬಿಟ್ಟು ಇನ್ನೂ ಮೂರೂವರೆ ಮೀಟರ್ ಮುಂದೆ ಹೋದ ಮೇಲೆ ತಾನೆ ಎಡಕ್ಕೆ ಬರುವುದು? ಒಟ್ಟು 12 ಮೀಟರ್ ನೀವು ಗಳಿಸಬೇಕು. 3 ಕಿ.ಮೀ. ವ್ಯತ್ಯಾಸ ಅಂದರೆ ಸೆಕೆಂಡಿಗೆ ಒಂದು ಮೀಟರೂ ಇಲ್ಲ, ಹಾಗಾಗಿ 14 ಸೆಕೆಂಡ್ ಹಿಡಿಯುತ್ತದೆ. ಅಷ್ಟರಲ್ಲಿ ರಸ್ತೆಯ ಮೇಲೆ 70 ಮೀಟರ್ ಓಡಿರುತ್ತೀರಿ, ಆ 70 ಮೀಟರೂ ಹಿಂದಿನ ಬೈಕು, ಆಟೊ, ಟೆಂಪೊಗಳ ದಾರಿಗೆ ಅಡ್ಡ. ನೀವು 20ರಲ್ಲಿದ್ದರೆ ಇದೇ ಕೆಲಸ 9 ಸೆಕೆಂಡ್, 48 ಮೀಟರ್. 25ರಲ್ಲಿದ್ದರೆ ನಾಲ್ಕು ಸೆಕೆಂಡ್ ಚಿಲ್ಲರೆ, 30 ಮೀಟರ್.

ಮುಂದಿನವರ ವೇಗ ಗೊತ್ತಾಗಬೇಕಾದರೆ ಐದು ಮೀಟರ್ ಹಿಂದೆ ಐದು ಸೆಕೆಂಡ್ ಅವರ ಜೊತೆ ಸಮಸಮ ಹೋಗಿ, ನಿಮ್ಮ ಸೈಕಲ್ಲಿನ ವೇಗದ ಮೀಟರ್ ನೋಡಿ. ಅದೇ ಅವರ ವೇಗ. ಇನ್ನೊಂದು ಪ್ರಶ್ನೆಯನ್ನೂ ಆಗಲೇ ಕೇಳಿಕೊಳ್ಳಿ: ದಾಟಿದ ಮೇಲೆ ಒಂದು ನಿಮಿಷ ಏದುಸಿರಿಲ್ಲದೆ ಇದೇ ವೇಗದಲ್ಲಿ ಹೋಗಬಲ್ಲಿರಾ? ಹುರುಪಿನಲ್ಲಿ 24ರಲ್ಲಿ ದಾಟಿ, ಮುಂದೆ ಬಂದು 17ಕ್ಕೆ ಇಳಿಯುವವರೇ ಜಾಸ್ತಿ. ಆಮೇಲೆ ಹಿಂದಿನವರು ನಿಮ್ಮನ್ನು ದಾಟಬೇಕು, ಮತ್ತೆ ನೀವು ಅವರನ್ನು. ಒಂದು ಸಲದ ಅಪಾಯವನ್ನು ನಾಲ್ಕು ಸಲ ತೆಗೆದುಕೊಂಡ ಹಾಗೆ.

ಎಷ್ಟು ವೇಗ ಸಾಕು

ಸಮತಟ್ಟಾದ ರಸ್ತೆಯಲ್ಲಿ ಸಾಮಾನ್ಯ ಹೈಬ್ರಿಡ್ ಸೈಕಲ್ಲಿಗೆ 18ರಿಂದ 22 ಕಿ.ಮೀ. ಚೆನ್ನಾಯಿತು. ಬೆನ್ನು ನೆಟ್ಟಗಿಟ್ಟು ಕೂತ 75 ಕೆ.ಜಿ. ಆಸಾಮಿ 20ರಲ್ಲಿ ಹೋಗಲು ಸುಮಾರು 85 ವ್ಯಾಟ್ ತುಳಿಯಬೇಕು. 25ಕ್ಕೆ ಅದು 140, 30ಕ್ಕೆ 220ರ ಹತ್ತಿರ. ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ, ಅದನ್ನು ಮೀರಲು ಬೇಕಾದ ಶಕ್ತಿ ಘನದ ಲೆಕ್ಕದಲ್ಲಿ. ವೇಗ ಒಂದೂವರೆ ಪಟ್ಟಾದರೆ ಶ್ರಮ ಎರಡೂವರೆ ಪಟ್ಟು ಮೀರುತ್ತದೆ, ಆ ಹೆಚ್ಚುವರಿಯೆಲ್ಲ ಅಂಗಿಯ ಬೆನ್ನ ಮೇಲೆ ಬೆವರಾಗಿ ಕಾಣುತ್ತದೆ. ಆಫೀಸಿನಲ್ಲಿ ಸ್ನಾನದ ಮನೆ ಇಲ್ಲದವರಿಗೆ ಇದು ಸಣ್ಣ ವಿಷಯವಲ್ಲ.

ಇನ್ನು ಸಮಯ. 10 ಕಿ.ಮೀ. ದೂರಕ್ಕೆ 20ರಲ್ಲಿ 30 ನಿಮಿಷ, 25ರಲ್ಲಿ 24. ಉಳಿಯುವುದು ಆರು ನಿಮಿಷ, ಅದೂ ಕಾಗದದ ಮೇಲೆ. ಒಂದೂವರೆ ನಿಮಿಷದ ಕೆಂಪು ದೀಪ ನಾಲ್ಕು ಕಡೆ ಸಿಕ್ಕರೆ ಆರು ನಿಮಿಷ ಅಲ್ಲೇ ಹೋಯಿತು.

ನಿಲ್ಲುವ ದೂರವನ್ನೂ ನೋಡಿ. ಬ್ರೇಕ್ ಹಿಡಿಯಬೇಕು ಅಂತ ತಲೆಗೆ ಹೊಳೆದು ಬೆರಳು ಒತ್ತುವುದಕ್ಕೆ ಒಂದು ಸೆಕೆಂಡ್. ಒಣ ರಸ್ತೆ, ಒಳ್ಳೆಯ ಬ್ರೇಕ್ ಇದ್ದರೂ 20ರಲ್ಲಿ ಹೆಚ್ಚುಕಮ್ಮಿ 10 ಮೀಟರ್ ಬೇಕು, 30ರಲ್ಲಿ 17. ಚಕ್ರದ ಅಂಚನ್ನು ಹಿಡಿಯುವ ರಿಮ್ ಬ್ರೇಕ್ ಒದ್ದೆಯಾಗಿದ್ದರೆ ಇನ್ನೂ ಹೆಚ್ಚು.

ಗೇರ್ ವಿಷಯ ಸರಳ. ಪೆಡಲ್ ಬಳಿಯ ಹಲ್ಲುಚಕ್ರದ ಹಲ್ಲುಗಳು ಹಿಂದಿನದರ ಎರಡರಷ್ಟಿರುವ ಗೇರಿನಲ್ಲಿ (36ಕ್ಕೆ 18, ಅಥವಾ 32ಕ್ಕೆ 16) 700ರ ಚಕ್ರದ (ಹೈಬ್ರಿಡ್ ಸೈಕಲ್ಲಿನ ಸಾಮಾನ್ಯ ಅಳತೆ) ಸೈಕಲ್ಲನ್ನು ನಿಮಿಷಕ್ಕೆ 70 ಸುತ್ತು ತುಳಿದರೆ 18 ಕಿ.ಮೀ., 90 ಸುತ್ತು ತುಳಿದರೆ 23. ದಾಟುವಾಗ ಗೇರ್ ಏರಿಸಿ ಬಲವಾಗಿ ಒತ್ತುವುದಕ್ಕಿಂತ ಅದೇ ಗೇರಿನಲ್ಲಿ ಕಾಲನ್ನು ಚುರುಕಾಗಿ ಆಡಿಸುವುದು ಮೇಲು. ಭಾರದ ಗೇರಿನಲ್ಲಿ ಸೈಕಲ್ ಅತ್ತಿತ್ತ ಓಲಾಡುತ್ತದೆ, ಚೈನ್ ಜಿಗಿಯುವುದೂ ಇಂಥ ಹೊತ್ತಿನಲ್ಲೇ.

ವೇಗ ಸಾಲುತ್ತಿಲ್ಲ ಅನ್ನಿಸಿದರೆ ತೊಡೆಯನ್ನು ಬೈಯುವ ಮೊದಲು ಟೈರ್ ಹಿಚುಕಿ ನೋಡಿ. 700x35 ಟೈರಿಗೆ ಗಾಳಿಯ ಒತ್ತಡ ಹಿಂದೆ 60 ಪಿಎಸ್ಐ, ಮುಂದೆ 50 ಇರಲಿ, ಟೈರಿನ ಪಕ್ಕದಲ್ಲಿ ಬರೆದ ಮಿತಿ ಮೀರಬಾರದು. ಹಿಂದಿನ ಚಕ್ರ ಎತ್ತಿ ತಿರುಗಿಸಿ, ಬ್ರೇಕ್ ಉಜ್ಜುತ್ತಿದ್ದರೆ ಸದ್ದು ಕೇಳುತ್ತದೆ. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಕೆಳಗಿನ ಪೆಡಲ್ ಮೇಲಿಟ್ಟರೆ ಕಾಲು ನೇರವಾಗಬೇಕು. ಮಂಡಿ ಮಡಿಸಿಕೊಂಡು ತುಳಿಯುವವರು ಬಲವನ್ನು ಸುಮ್ಮನೆ ಕಳೆಯುತ್ತಿರುತ್ತಾರೆ.

ಮೀಟರ್ ಸುಳ್ಳು ಹೇಳುವುದೂ ಉಂಟು. ಸೈಕಲ್ ಕಂಪ್ಯೂಟರಿಗೆ ಚಕ್ರದ ಸುತ್ತಳತೆಯನ್ನು ಸರಿಯಾಗಿ ಕೊಡಬೇಕು: 700x35ಕ್ಕೆ ಸುಮಾರು 2170 ಮಿ.ಮೀ., 26x1.95ಕ್ಕೆ 2050. ವಾಲ್ವ್ ಕೆಳಗೆ ಬಂದಾಗ ನೆಲಕ್ಕೆ ಸೀಮೆಸುಣ್ಣದ ಗೆರೆ ಹಾಕಿ, ಸೀಟಿನ ಮೇಲೆ ಕೂತೇ ಒಂದು ಸುತ್ತು ಮುಂದೆ ಹೋಗಿ, ಮತ್ತೊಂದು ಗೆರೆ ಎಳೆದು ಟೇಪಿನಲ್ಲಿ ಅಳೆದರೆ ಮುಗಿಯಿತು. ಫೋನಿನ ಆ್ಯಪ್ ನಿಂತ ಸಮಯವನ್ನು ಬಿಟ್ಟು ಸರಾಸರಿ ತೋರಿಸುತ್ತದೆ, ಮೆಟ್ರೊ ಸೇತುವೆ ಕೆಳಗೆ ಜಿಪಿಎಸ್ ಅಡ್ಡಾದಿಡ್ಡಿ ಹೋಗುತ್ತದೆ. ಮನೆಯ ಗೇಟಿನಿಂದ ಆಫೀಸಿನ ಗೇಟಿಗೆ ಎಷ್ಟು ನಿಮಿಷ ಅನ್ನುವುದೊಂದೇ ನಂಬುವ ಲೆಕ್ಕ.

ದಾಟುವ ಕ್ರಮ

ಮೊದಲು ಮುಂದಿನ 50 ಮೀಟರ್ ಓದಿ, ನಿಮ್ಮ ದಾರಿಯನ್ನಷ್ಟೇ ಅಲ್ಲ, ಅವರದ್ದನ್ನೂ. ಅವರ ಮುಂದಿರುವ ಗುಂಡಿ ನಿಮ್ಮ ಗುಂಡಿಯೇ. ಮೋರಿ ಜಾಲರಿ, ನಿಂತ ಕಾರು, ಕಾಂಕ್ರೀಟ್ ರಸ್ತೆಯ ಅಂಚಿನಲ್ಲಿ ಬಾಯಿಬಿಟ್ಟ ಸಂದು, ಇವನ್ನು ತಪ್ಪಿಸಲು ಅವರು ಬಲಕ್ಕೇ ಬರುತ್ತಾರೆ, ಹಿಂದೆ ನೋಡದೆ ಬರುತ್ತಾರೆ. ಅಂಥದ್ದೇನಾದರೂ ಕಂಡರೆ ಅವರು ಅದನ್ನು ದಾಟಲಿ, ಆಮೇಲೆ ನೀವು. ರಾಂಗ್ ಸೈಡಿನಲ್ಲಿ ಬರುವ ಬೈಕುಗಳೂ ಇದೇ ಎಡ ಅಂಚಿನಲ್ಲೇ ಬರುವುದು. ಮುಂದಿನ ಸೈಕಲ್ ಸವಾರರ ಬೆನ್ನು ಅಡ್ಡವಾಗಿ ಅವು ನಿಮಗೆ ಕಾಣುವುದಿಲ್ಲ, ಹಾಗಾಗಿ ಒಂದು ಕ್ಷಣ ಅರ್ಧ ಮೀಟರ್ ಬಲಕ್ಕೆ ಸರಿದು ಆಚೆ ಇಣುಕಿ.

ಈಗ ಬಲ ಭುಜದ ಮೇಲಿಂದ ಹಿಂದೆ ನೋಡಿ. ಹೊಸಬರು ಎಡವುವುದು ಇಲ್ಲೇ: ತಲೆ ತಿರುಗಿದ ಕಡೆಗೆ ಹ್ಯಾಂಡಲ್ಲೂ ತಿರುಗುತ್ತದೆ, ನೋಡುವಷ್ಟರಲ್ಲಿ ಸೈಕಲ್ ಬಲಕ್ಕೆ ಜಾರಿ ಗಾಡಿಗಳ ದಾರಿಯಲ್ಲಿರುತ್ತದೆ. ಬಲಗೈಯನ್ನು ಹ್ಯಾಂಡಲ್ಲಿನಿಂದ ತೆಗೆದು ತೊಡೆಯ ಮೇಲಿಟ್ಟು ತಿರುಗಿದರೆ ಈ ಎಳೆತ ಇರುವುದಿಲ್ಲ. ಖಾಲಿ ಮೈದಾನದಲ್ಲಿ ಒಂದು ಗೆರೆ ಹಾಕಿಕೊಂಡು, ಅದರ ಮೇಲೆ ಹೋಗುತ್ತಾ ಹಿಂದೆ ನಿಂತ ಸ್ನೇಹಿತರು ಎಷ್ಟು ಬೆರಳು ತೋರಿಸುತ್ತಿದ್ದಾರೆ ಅಂತ ಹೇಳಿ. ಗೆರೆ ಬಿಡದೆ ಹೇಳಲು ಬಂದ ದಿನದಿಂದ ದಾಟಲು ಶುರುಮಾಡಬಹುದು. ಕನ್ನಡಿ ಇದ್ದರೆ ಒಳ್ಳೆಯದೇ, ಆದರೆ ಹ್ಯಾಂಡಲ್ ಕನ್ನಡಿ ನಮ್ಮ ರಸ್ತೆಯಲ್ಲಿ ಅದುರುವಷ್ಟು ಕಾಣಿಸುವುದಿಲ್ಲ.

ಹಿಂದೆ ಖಾಲಿ ಇದ್ದರೆ ಬಲಗೈ ಚಾಚಿ, ಒಂದೆರಡು ಸೆಕೆಂಡ್ ಸಾಕು. ಕೈ ವಾಪಸ್ ಬ್ರೇಕಿನ ಮೇಲೆ ಬಂದ ಮೇಲೆಯೇ ಬಲಕ್ಕೆ ಸರಿಯಿರಿ. ನಮ್ಮಲ್ಲಿ ಬಹಳ ಸೈಕಲ್ಲುಗಳಿಗೆ ಬಲಗೈಯದು ಮುಂದಿನ ಬ್ರೇಕು, ನಿಲ್ಲಿಸುವ ಶಕ್ತಿ ಹೆಚ್ಚಿರುವುದು ಅದರಲ್ಲೇ. ಕೆಲವದರಲ್ಲಿ ಉಲ್ಟಾ ಇರುತ್ತದೆ. ಮುಂದಿನ ಚಕ್ರ ಎತ್ತಿ ತಿರುಗಿಸಿ, ಒಂದೊಂದೇ ಬ್ರೇಕ್ ಒತ್ತಿ ನಿಮ್ಮದು ಯಾವುದು ಅಂತ ನೋಡಿಟ್ಟುಕೊಳ್ಳಿ.

ಬೆಲ್ ಹೊಡೆಯಬೇಕಾದ್ದು 10–15 ಮೀಟರ್ ಹಿಂದಿರುವಾಗ, ಎರಡು ಸಲ. ಎರಡು ಮೀಟರ್ ಹತ್ತಿರ ಬಂದು ಟ್ರಿಣ್ ಅಂದರೆ ಅವರು ಬೆಚ್ಚಿ ತಿರುಗುತ್ತಾರೆ, ತಿರುಗಿದ ಕಡೆಗೆ ಸೈಕಲ್ಲೂ ಬರುತ್ತದೆ. ಬಾಯಲ್ಲಿ ಹೇಳುವುದಾದರೆ "ರೈಟ್!" ಅನ್ನಬೇಡಿ. ಕೆಲವರು ಬಲಕ್ಕೆ ಬರಬೇಕೇನೋ ಅಂದುಕೊಳ್ಳುತ್ತಾರೆ, ಕಂಡಕ್ಟರ್ ಬಾಯಲ್ಲಿ ರೈಟ್ ರೈಟ್ ಕೇಳಿ ಬೆಳೆದವರು ಮುಂದೆ ಹೋಗು ಅಂದಂತೆ ಜೋರಾಗಿ ತುಳಿಯುತ್ತಾರೆ. "ಸೈಡ್" ಅಂದರೆ ಯಾವ ಸೈಡ್ ಅನ್ನುವುದು ಅವರಿಷ್ಟ. "ಹಂಗೇ ಹೋಗ್ತಾ ಇರಿ ಅಣ್ಣ" ಅನ್ನುವುದು ಎಲ್ಲಕ್ಕಿಂತ ಸರಿ. ನಿಮಗೆ ಬೇಕಾದ್ದೂ ಅವರು ಹಂಗೇ ಹೋಗುವುದು ತಾನೆ. ಕಿವಿಯಲ್ಲಿ ಇಯರ್‌ಫೋನ್ ಕಂಡರೆ ಕೇಳಿಸಿಲ್ಲ ಅಂತಲೇ ಲೆಕ್ಕ.

ಹ್ಯಾಂಡಲ್ಲಿಗೂ ಹ್ಯಾಂಡಲ್ಲಿಗೂ ಒಂದು ಮೀಟರ್ ಬಿಟ್ಟು ದಾಟಿ. ಅರ್ಧ ಪಕ್ಕಕ್ಕೆ ಬಂದು ಅಲ್ಲೇ ತೂಗಾಡುವುದು ಎಲ್ಲಕ್ಕಿಂತ ಕೆಟ್ಟದ್ದು. ನಿಮ್ಮ ಮುಂದಿನ ಚಕ್ರ ಅವರ ಹಿಂದಿನ ಚಕ್ರದ ಪಕ್ಕ ಇರುವಾಗ ಎರಡೂ ತಾಗಿದರೆ ಅವರಿಗೆ ಏನೂ ಆಗದೆ ಇರಬಹುದು, ಬೀಳುವವರು ನೀವು. ಸೈಕಲ್ ಬೀಳದೆ ನೆಟ್ಟಗಿರುವುದೇ ಮುಂದಿನ ಚಕ್ರ ಸಣ್ಣಗೆ ಅತ್ತಿತ್ತ ತಿರುಗುತ್ತಾ ಇರುವುದರಿಂದ, ಅದಕ್ಕೆ ಅಡ್ಡ ಸಿಕ್ಕರೆ ಸಾವರಿಸಿಕೊಳ್ಳಲು ದಾರಿಯಿಲ್ಲ. ಹಾಗಾಗಿ ದಾಟುವುದಿದ್ದರೆ ದಾಟಿ, ಮನಸ್ಸು ಬದಲಾದರೆ ಪೂರ್ತಿ ಹಿಂದೆ ಬನ್ನಿ.

ಎಡಕ್ಕೆ ಮರಳುವ ಮೊದಲು ಎಡ ಭುಜದ ಮೇಲಿಂದ ಒಂದು ನೋಟ. ಎರಡು ಸೈಕಲ್ ಉದ್ದದಷ್ಟು ಜಾಗ ಕಂಡ ಮೇಲೆ ನಿಧಾನಕ್ಕೆ ಸೇರಿಕೊಳ್ಳಿ, ತುಳಿಯುವುದನ್ನು ತಕ್ಷಣ ನಿಲ್ಲಿಸಬೇಡಿ.

ಯಾರನ್ನು ದಾಟುತ್ತಿದ್ದೀರಿ

ಎರಡೂ ಬದಿಗೆ ಫ್ಲಾಸ್ಕ್ ಕಟ್ಟಿಕೊಂಡು ಟೀ ಮಾರುವವರು, ಎಳನೀರು ಹೇರಿಕೊಂಡವರು ಎದುರಾದರೆ ಒಂದೂವರೆ ಮೀಟರ್ ಬಿಡಿ. ಭಾರ ಹೊತ್ತ ಸೈಕಲ್ ಒಮ್ಮೆ ವಾಲಿದರೆ ಸರಿಹೋಗಲು ಹೊತ್ತು ಬೇಕು, ಗಿರಾಕಿ ಕರೆದರೆ ಅವರು ಅಲ್ಲೇ ನಿಲ್ಲುತ್ತಾರೆ, ಅದು ಅವರ ಹೊಟ್ಟೆಪಾಡು. ಶಾಲೆ ಮಕ್ಕಳು ಜೋಡಿಯಾಗಿ ಮಾತಾಡುತ್ತಾ ಹೋಗುತ್ತಿದ್ದರೆ ಬಲಗಡೆಯ ಮಗುವನ್ನೇ ಗಮನಿಸಿ, ಅವರಿಗಿಂತ ಸರಿಯಾಗಿ 5ರಷ್ಟೇ ಹೆಚ್ಚಿನ ವೇಗದಲ್ಲಿ ದಾಟಿ.

ಯುಲು ಥರದ ಕಡಿಮೆ ವೇಗದ ಎಲೆಕ್ಟ್ರಿಕ್ ಗಾಡಿಗಳದ್ದೇ ಬೇರೆ ಕಥೆ. 250 ವ್ಯಾಟ್ ಮತ್ತು ಗಂಟೆಗೆ 25 ಕಿ.ಮೀ. ಒಳಗಿನವಕ್ಕೆ ಲೈಸೆನ್ಸ್ ಬೇಡ, ಹಾಗಾಗಿ ಡೆಲಿವರಿ ಹುಡುಗರು ಇವನ್ನೇ ಓಡಿಸುತ್ತಾರೆ. ಸಮತಟ್ಟಿನಲ್ಲಿ ನೀವೂ ಅವರೂ ಒಂದೆರಡು ಕಿ.ಮೀ. ಹಿಂದೆ ಮುಂದೆ ಅಷ್ಟೆ, ಅಂದರೆ ದಾಟುವ ಮಾತೇ ಇಲ್ಲ. ಇಳಿಜಾರಿನಲ್ಲಿ ನಿಮಗೆ ದಾಟಬಹುದು ಅನ್ನಿಸುತ್ತದೆ, ಮುಂದಿನ ಏರಿನಲ್ಲಿ ಅವರು ಸದ್ದಿಲ್ಲದೆ ಪಕ್ಕಕ್ಕೆ ಬಂದಿರುತ್ತಾರೆ. ಬಿಟ್ಟುಬಿಡಿ.

ಯಾರನ್ನೇ ಆಗಲಿ ಎಡದಿಂದ ದಾಟಬೇಡಿ. ಹಿಂದೆ ಹಾರನ್ ಕೇಳಿದರೆ ಯಾರೇ ಆದರೂ ಸರಿಯುವುದು ಎಡಕ್ಕೆ. ಬಲಕ್ಕೆ ತಿರುಗಲು ಕೈ ತೋರಿಸಿ ರಸ್ತೆ ಮಧ್ಯಕ್ಕೆ ಸರಿದವರು ಮಾತ್ರ ಇದಕ್ಕೆ ಹೊರತು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಮಾಡಿದಂಥ, ಕಂಬ ನೆಟ್ಟು ಬೇರ್ಪಡಿಸಿದ ಪಥ ಸಿಕ್ಕರೆ ಅದರೊಳಗೆ ದಾಟುವ ಗೋಜಿಗೆ ಹೋಗಬೇಡಿ. ಕಂಬಕ್ಕೆ ಹ್ಯಾಂಡಲ್ ತಗುಲಿದರೆ ಮುಗಿಯಿತು.

ನಿಂತ ಬಸ್ಸಿನ ಎಡಕ್ಕೆ ಹೋಗಲೇಬಾರದು, ಜನ ಇಳಿಯುವುದು ಅಲ್ಲೇ. ಬಲದಿಂದ ದಾಟಲು 12 ಮೀಟರ್ ಉದ್ದದ ಬಸ್ಸಿಗೆ 18 ಕಿ.ಮೀ. ವೇಗದಲ್ಲಿ, ಮುಂದೆ ಹಿಂದೆ ಬಿಡುವ ಜಾಗ ಸೇರಿ, ನಾಲ್ಕೈದು ಸೆಕೆಂಡ್ ಬೇಕು. ಅಷ್ಟರಲ್ಲಿ ಬಸ್ ಹೊರಟೀತೇ? ಬಸ್ಸಿನ ಅಡಿಯಲ್ಲಿ ಬಗ್ಗಿ ನೋಡಿದರೆ ಬಾಗಿಲ ಹತ್ತಿರ ಇನ್ನೂ ಕಾಲುಗಳಿವೆಯೇ ಅಂತ ಗೊತ್ತಾಗುತ್ತದೆ. ಕಾಲುಗಳಿಲ್ಲ, ಮುಂದಿನ ಚಕ್ರ ಬಲಕ್ಕೆ ತಿರುಗಿದೆ, ಅಥವಾ ಒಳಗಿಂದ ವಿಷಲ್ ಕೇಳಿತು ಅಂದರೆ ಹಿಂದೆಯೇ ನಿಲ್ಲಿ.

ಏರು, ಮಳೆ, ಸಿಗ್ನಲ್

ಅಂಡರ್‌ಪಾಸಿನ ಏರಿನಲ್ಲಿ ಅವರು 8ರಲ್ಲಿ, ನೀವು 11ರಲ್ಲಿ ಇದ್ದರೆ ಕಾಯಿರಿ. ನಿಧಾನದಲ್ಲಿ ಸೈಕಲ್ ಹಾವಿನಂತೆ ಹರಿಯುತ್ತದೆ, ಸೀಟಿನಿಂದ ಎದ್ದು ತುಳಿಯಲು ಶುರುಮಾಡಿದರಂತೂ ಅವರ ಸೈಕಲ್ ಗೇಣಷ್ಟು ಹಿಂದಕ್ಕೆ ಬಂದಂತಾಗುತ್ತದೆ. ಏರು ಮುಗಿದು ಇಬ್ಬರೂ ಉಸಿರು ತೆಗೆದುಕೊಂಡ ಮೇಲೆ ನೋಡಿಕೊಂಡರಾಯಿತು. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಬಲವಾಗಿರುತ್ತದೆ. ಬೆಳಿಗ್ಗೆ ಪೂರ್ವಕ್ಕೆ ವೈಟ್‌ಫೀಲ್ಡ್ ಕಡೆ ಹೋಗುವವರಿಗೆ ಅದು ಬೆನ್ನಿಗೆ, ಸಂಜೆ ಎದೆಗೆ. ಬೆಳಗಿನ ವೇಗ ನೋಡಿ ಸಂಜೆ ದಾಟಲು ಹೊರಟರೆ ಅರ್ಧದಲ್ಲಿ ಕಾಲು ಸೋಲುತ್ತದೆ. ಗಾಳಿ ತಪ್ಪಿಸಿಕೊಳ್ಳಲು ಗುರುತಿಲ್ಲದವರ ಹಿಂದಿನ ಚಕ್ರಕ್ಕೆ ಅಂಟಿಕೊಂಡು ಹೋಗುವುದೂ ಬೇಡ, ಅವರು ತಪ್ಪಿಸಿದ ಗುಂಡಿ ನಿಮಗೆ ಕಾಣುವುದು ಅದರೊಳಗೆ ಇಳಿದ ಮೇಲೆ.

ಮಳೆ ಬಂದಾಗ ಮ್ಯಾನ್‌ಹೋಲ್ ಮುಚ್ಚಳ, ಬಿಳಿ ಪಟ್ಟಿ, ಮರದಡಿ ಉದುರಿದ ಹೂವಿನ ರಾಶಿ, ಫ್ಲೈಓವರಿನ ಕಬ್ಬಿಣದ ಸಂದು ಎಲ್ಲ ಸೋಪಿನಷ್ಟೇ ನುಣುಪು. ಇವುಗಳ ಮೇಲೆ ದಿಕ್ಕು ಬದಲಿಸಬೇಡಿ, ಬ್ರೇಕ್ ಒತ್ತಬೇಡಿ, ನೇರ ಹೋಗಿ. ಬಲಕ್ಕೆ ಸರಿಯುವುದನ್ನು ಹತ್ತು ಮೀಟರ್ ಮೊದಲೇ ಶುರುಮಾಡಿ.

ನಿಮ್ಮನ್ನು ಬೇರೆಯವರು ದಾಟುವಾಗ ನಿಮ್ಮ ಗೆರೆ ಬಿಡಬೇಡಿ, ವೇಗ ಹೆಚ್ಚಿಸಬೇಡಿ. ಆಗಲೇ ರೋಷ ಬಂದು ತುಳಿದರೆ ಅವರ 9 ಸೆಕೆಂಡನ್ನು 20 ಮಾಡುವವರು ನೀವೇ. ಸಿಗ್ನಲ್ಲಿನಲ್ಲಿ ನಿಮ್ಮನ್ನು ದಾಟಿ ಹೋದವರು ನಿಂತಿದ್ದರೆ ಗಾಡಿಗಳ ಸಂದಿಯಲ್ಲಿ ನುಸುಳಿ ಅವರ ಮುಂದೆ ಹೋಗಿ ನಿಲ್ಲುವ ಚಾಳಿ ಹಲವರಿಗೆ ಇದೆ. ಹಸಿರು ಬಿದ್ದ ಕೂಡಲೇ ಅವರು ಮತ್ತೆ ನಿಮ್ಮನ್ನು ದಾಟಬೇಕು, ಅದೂ ನೂರು ಬೈಕುಗಳು ಒಟ್ಟಿಗೆ ನುಗ್ಗುವ ಹೊತ್ತಿನಲ್ಲಿ. ಅವರ ಹಿಂದೆ ನಿಲ್ಲಿ, ನಿಲ್ಲುವ ಮೊದಲೇ ಎರಡು ಗೇರ್ ಇಳಿಸಿಕೊಂಡಿರಿ.