ಮುಳ್ಳು ನಡುವೆ ನಿಂತಾಗ ಎಂಜಿನ್ ಬಿಸಿ ನಿಜಕ್ಕೂ ಎಷ್ಟಿರುತ್ತದೆ?

ನಮ್ಮ ಪೆಟ್ರೋಲ್ ಕಾರಿನ ಟೆಂಪರೇಚರ್ ಮುಳ್ಳು ಸ್ವಲ್ಪ ದೂರ ಓಡಿಸುವಷ್ಟರಲ್ಲಿ ನಡುವಿಗೆ ಬಂದು ನಿಲ್ಲುತ್ತದೆ. ಆಮೇಲೆ ಹಾಸನದ ಸಿಗ್ನಲ್ ಇರಲಿ, ಶಿರಾಡಿ ಘಾಟಿಯ ಏರು ಇರಲಿ, ಅಲ್ಲಾಡುವುದೇ ಇಲ್ಲ. ಬಿಸಿ ಅಷ್ಟು ಒಂದೇ ಸಮ ಇರಲು ಸಾಧ್ಯವಾ? ನೋಡೇಬಿಡೋಣ ಅಂತ ಒಂದು ಬ್ಲೂಟೂತ್ ಓಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರ್‌ನ ಅಂಕಿ ಓದುವ ಪುಟ್ಟ ಸಾಧನ) ತಂದೆ. ಸ್ಟಿಯರಿಂಗ್ ಕೆಳಗಿನ ಸಾಕೆಟ್‌ಗೆ ಸಿಕ್ಕಿಸಿದರೆ ಫೋನಿನ ಆಪ್‌ನಲ್ಲಿ ಕೂಲೆಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವದ ಬಿಸಿ ಡಿಗ್ರಿಯಲ್ಲೇ ಕಾಣುತ್ತದೆ. ಘಾಟಿಯಲ್ಲಿ ಅದನ್ನು ಓದುವ ಕೆಲಸ ಪಕ್ಕದಲ್ಲಿ ಕೂತವರದ್ದು.

82 ಡಿಗ್ರಿ ಹತ್ತಿರ ಬಂದಾಗ ಏರುವ ವೇಗ ಕಡಿಮೆಯಾಯಿತು. ಥರ್ಮೋಸ್ಟಾಟ್ ಅನ್ನೋ ವಾಲ್ವ್ ಬಾಯಿ ಬಿಟ್ಟು ಕೂಲೆಂಟನ್ನು ರೇಡಿಯೇಟರ್‌ಗೆ ಬಿಡಲು ಶುರು ಮಾಡುವುದು ಅಲ್ಲೇ. ಹೈವೇಯಲ್ಲಿ ಗಾಳಿ ಚೆನ್ನಾಗಿ ಬೀಸುವಾಗ 88, 90. ಟ್ರಾಫಿಕ್‌ನಲ್ಲಿ ನಿಂತರೆ ನಿಧಾನವಾಗಿ 97ಕ್ಕೆ ಏರಿ, ಫ್ಯಾನ್ ತಿರುಗಿ, 92ಕ್ಕೆ ಇಳಿಯುತ್ತಿತ್ತು. ಮತ್ತೆ ಏರುತ್ತಿತ್ತು. ಗುಂಡ್ಯ ದಾಟಿ ಲಾರಿಗಳ ಹಿಂದೆ ಸೆಕೆಂಡ್ ಗೇರಿನಲ್ಲಿ ತೆವಳುವಾಗ 102. ಇಷ್ಟೆಲ್ಲಾ ಆದರೂ ಮುಳ್ಳು ಕೂದಲೆಳೆಯಷ್ಟೂ ಕದಲಲಿಲ್ಲ.

ಕಂಪನಿಯವರು ಬೇಕೆಂದೇ ಹೀಗೆ ಮಾಡಿರುತ್ತಾರೆ. ಈಗಿನ ಎಷ್ಟೋ ಕಾರುಗಳಲ್ಲಿ ಸುಮಾರು 75ರಿಂದ 105 ಡಿಗ್ರಿವರೆಗೆ ಮುಳ್ಳನ್ನು ನಡುವೆಯೇ ನಿಲ್ಲಿಸಿರುತ್ತಾರೆ. ಈ ಮಿತಿ ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ಸ್ವಲ್ಪ ಅಲ್ಲಾಡಿದರೂ ಓಡಿಸುವವರು ಗಾಬರಿಯಾಗುತ್ತಾರೆ, ಅದಕ್ಕೆ. ಆದರೆ ಇದರ ಇನ್ನೊಂದು ಅರ್ಥ ಗೊತ್ತಿರಬೇಕು. ಮುಳ್ಳು ನಡು ದಾಟಿತು ಅಂದರೆ ಬಿಸಿ ಆಗಲೇ ತುಂಬಾ ಮೇಲೆ ಹೋಗಿದೆ. ಕೆಂಪಿಗೆ ಬರಲಿ ಅಂತ ಕಾಯಬಾರದು.

102 ಅಂದರೆ ಕುದಿಯಬೇಕಲ್ವಾ ಅಂತ ಅನಿಸುತ್ತದೆ. ಸಕಲೇಶಪುರದ ಎತ್ತರದಲ್ಲಿ ಒಲೆ ಮೇಲಿನ ನೀರು 97ಕ್ಕೇ ಕುದಿಯುತ್ತದೆ. ಆದರೆ ರೇಡಿಯೇಟರ್ ಒಳಗೆ ಪ್ರೆಶರ್ ಕುಕ್ಕರ್ ಥರ ಒತ್ತಡ ಇರುತ್ತದೆ. ಸಮಸಮ ಕೂಲೆಂಟ್ ಮತ್ತು ನೀರು ಇದ್ದು, ಕ್ಯಾಪ್ ಒತ್ತಡ ಹಿಡಿದಿಟ್ಟರೆ 120 ಡಿಗ್ರಿವರೆಗೂ ಕುದಿಯುವುದಿಲ್ಲ. ಬಿಸಿ ಇರುವಾಗ ಕ್ಯಾಪ್ ತೆಗೆದರೆ ಒತ್ತಡ ಹೋಗಿ ಎಲ್ಲಾ ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ದಯವಿಟ್ಟು ಯಾರೂ ಆ ಕೆಲಸ ಮಾಡಬೇಡಿ. ಬರೀ ನೀರು ತುಂಬಿಸುವ ಅಭ್ಯಾಸವೂ ಒಳ್ಳೆಯದಲ್ಲ. ಒಳಗೆ ತುಕ್ಕು ಹಿಡಿಯುತ್ತದೆ.

ಸ್ಕ್ಯಾನರ್‌ನಿಂದ ನನಗೆ ದೊಡ್ಡ ಉಪಯೋಗ ಆದದ್ದು ಎಂಜಿನ್ ಜಾಸ್ತಿ ಬಿಸಿಯಾದಾಗ ಅಲ್ಲ, ಬಿಸಿಯೇ ಆಗದಿದ್ದಾಗ. ಒಂದು ಚಳಿಗಾಲ ಹೈವೇಯಲ್ಲಿ 76, 77ರ ಮೇಲೆ ಏರುತ್ತಲೇ ಇರಲಿಲ್ಲ. ಮೈಲೇಜ್ ಕೂಡ ಇಳಿದಿತ್ತು. ಮುಳ್ಳು ಮಾತ್ರ ಸರಿಯಾಗಿ ನಡುವೆ! ಮೆಕ್ಯಾನಿಕ್ ಥರ್ಮೋಸ್ಟಾಟ್ ಬಿಚ್ಚಿದರು. ತಣ್ಣಗಿದ್ದಾಗಲೇ ಅದರ ವಾಲ್ವ್ ಅರ್ಧ ತೆರೆದಿತ್ತು. ಹೊಸದನ್ನು ಹಾಕುವ ಮುಂಚೆ ಪಾತ್ರೆ ನೀರಲ್ಲಿಟ್ಟು ಕಾಯಿಸಿ ನೋಡಿದೆವು. ಅದರ ಮೇಲೆ 82 ಅಂತ ಅಚ್ಚು ಹಾಕಿದ್ದರು, ಅಲ್ಲಿಗೆ ಬಂದಾಗ ಮೆಲ್ಲಗೆ ತೆರೆಯಿತು. ನೋಡಿ ಖುಷಿಯಾಯಿತು. ಎಂಜಿನ್ ತಣ್ಣಗಿದೆ ಅಂತ ಕಂಪ್ಯೂಟರ್‌ಗೆ ಅನಿಸಿದಾಗ ಪೆಟ್ರೋಲ್ ಜಾಸ್ತಿ ಬಿಡುತ್ತದೆ. ಮೈಲೇಜ್ ಇಳಿದದ್ದು ಅದಕ್ಕೇ.

ಹಾಗಾಗಿ ನಿಮ್ಮ ಗಾಡಿ ಚೆನ್ನಾಗಿರುವಾಗಲೇ ಅದರ ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ಹೈವೇಯಲ್ಲಿ ಎಷ್ಟು, ಫ್ಯಾನ್ ಎಲ್ಲಿ ಶುರು, ಘಾಟಿಯಲ್ಲಿ ಎಷ್ಟು. ನನ್ನ ಫ್ಯಾನ್ ಶುರುವಾಗುವ 97 ನಿಮ್ಮ ಗಾಡಿಗೆ 94 ಇರಬಹುದು, 103 ಕೂಡ ಇರಬಹುದು. ಮುಳ್ಳೇ ಇಲ್ಲದೆ ಬರೀ ನೀಲಿ, ಕೆಂಪು ದೀಪ ಇರುವ ಕಾರಿನವರಿಗೆ ಇದು ಇನ್ನೂ ಮುಖ್ಯ.

ಅಂಕಿ ಏರುತ್ತಲೇ ಹೋದರೆ ಏಸಿ ಆಫ್ ಮಾಡಿ, ಹೀಟರ್ ಪೂರ್ತಿ ಹಾಕಿ (ಅದು ಎಂಜಿನ್ ಬಿಸಿಯನ್ನೇ ಎಳೆದುಕೊಳ್ಳುತ್ತದೆ), ಜಾಗ ನೋಡಿ ನಿಲ್ಲಿಸಿ. ಹೊಗೆ ಕಂಡರೆ ಎಂಜಿನ್ ಆಫ್ ಮಾಡಿ. ಇನ್ನೊಂದು ವಿಷಯ: ಕೂಲೆಂಟ್ ಪೂರ್ತಿ ಸೋರಿಹೋದರೆ ಸೆನ್ಸರ್‌ಗೆ ಮುಟ್ಟಲು ಏನೂ ಇರುವುದಿಲ್ಲ. ಆಗ ಎಂಜಿನ್ ಸುಡುತ್ತಿದ್ದರೂ ಫೋನಿನಲ್ಲಿ ಕಡಿಮೆ ಅಂಕಿ ಕಾಣಬಹುದು. ಅದಕ್ಕೇ ನಾನು ಘಾಟಿ ಇಳಿಯುವ ದಿನ ಬೆಳಗ್ಗೆ, ಎಂಜಿನ್ ತಣ್ಣಗಿರುವಾಗ, ಬೋನೆಟ್ ಎತ್ತಿ ಕೂಲೆಂಟ್ ಎರಡು ಗೆರೆಗಳ ನಡುವೆ ಇದೆಯಾ ಅಂತ ನೋಡಿಯೇ ಹೊರಡುತ್ತೇನೆ.