ಕ್ಯಾಮರೊ ಕಾರಿನ ಬೋಲ್ಟು, ಹಿಂಜುಗಳಿಗೆ ಕಾರ್ಖಾನೆಯ ಮೂಲ ಲೇಪನವನ್ನು ಮರಳಿ ತರುವ ಬಗೆ

ಅಮೆರಿಕದ ಒಹಾಯೊ ರಾಜ್ಯದ ನಾರ್ವುಡ್ ಮತ್ತು ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್ ಕಾರ್ಖಾನೆಗಳಿಂದ ಹೊರಬಂದ 1967, 1968 ಮತ್ತು 1969ರ ಮಾದರಿಯ ಷೆವ್ರೊಲೆ ಕ್ಯಾಮರೊ ಕಾರುಗಳನ್ನು ಇಂದು ಪುನರುಜ್ಜೀವನಗೊಳಿಸುವವರು ಬಣ್ಣಕ್ಕೂ ಎಂಜಿನ್ನಿಗೂ ಧಾರಾಳವಾಗಿ ಖರ್ಚು ಮಾಡುತ್ತಾರೆ. ಆದರೆ ಬಾನೆಟ್ ಎತ್ತಿದರೆ ಹೊಳೆಯುವ ಸ್ಟೇನ್‌ಲೆಸ್ ಬೋಲ್ಟುಗಳೋ, ಡಬ್ಬಿಯಿಂದ ಸ್ಪ್ರೇ ಮಾಡಿದ ಕಪ್ಪು ಬಣ್ಣವೋ ಕಾಣಿಸುತ್ತದೆ. ಆ ಕಾರ್ಖಾನೆಗಳಲ್ಲಿ ಇವೆರಡೂ ಇರಲಿಲ್ಲ. ಅಲ್ಲಿದ್ದದ್ದು ಬೂದು ಅಥವಾ ಕಪ್ಪು ಫಾಸ್ಫೇಟ್ (ಉಕ್ಕಿನ ಮೇಲ್ಮೈಯಲ್ಲಿ ರಾಸಾಯನಿಕವಾಗಿ ಮೂಡಿಸುವ ಹರಳಿನ ಪದರ), ಸತು ಇಲ್ಲವೇ ಕ್ಯಾಡ್ಮಿಯಮ್ ಲೇಪನ, ಅದರ ಮೇಲೆ ಕೆಲವೆಡೆ ಅದನ್ನು ಕಾಪಾಡುವ ಹೊಂಬಣ್ಣದ ಕ್ರೋಮೇಟ್ ಪದರ, ಉಳಿದ ಕಡೆ ಬರಿಯ ಲೋಹ. ಇವನ್ನು ಇದ್ದಂತೆಯೇ ಮರಳಿ ತರುವುದು ಸಾಧ್ಯ. ಅದಕ್ಕೆ ದುಬಾರಿ ಯಂತ್ರಗಳಿಗಿಂತ ಹೆಚ್ಚಾಗಿ ಬೇಕಿರುವುದು ಬಿಚ್ಚುವ ಹಂತದಲ್ಲಿನ ಎಚ್ಚರ.

ಮೊದಲು ಕಾರನ್ನು ಯಾವ ಕ್ರಮದಲ್ಲಿ ಜೋಡಿಸಲಾಯಿತು ಎಂಬುದನ್ನು ತಿಳಿದುಕೊಳ್ಳಬೇಕು, ಏಕೆಂದರೆ ಯಾವ ಬೋಲ್ಟಿಗೆ ಯಾವ ಮೇಲ್ಮೈ ಇರಬೇಕೆಂಬುದನ್ನು ಬಹುಪಾಲು ಈ ಕ್ರಮವೇ ತೀರ್ಮಾನಿಸುತ್ತದೆ. ಬಾಗಿಲುಗಳನ್ನು ಬಣ್ಣ ಹಚ್ಚುವ ಮೊದಲೇ ಕಾರಿನ ಬಾಡಿಯಲ್ಲಿ ಕೂರಿಸುತ್ತಿದ್ದುದರಿಂದ ಬಾಗಿಲಿನ ಹಿಂಜುಗಳಿಗೂ ಅವುಗಳ ಬೋಲ್ಟುಗಳಿಗೂ ಬಾಡಿಯ ಬಣ್ಣವೇ ತಾಗಿರುತ್ತದೆ. ಮುಂಭಾಗದ ಫೆಂಡರುಗಳು (ಚಕ್ರದ ಮೇಲಿನ ತಗಡುಗಳು) ಬೇರೆಯಾಗಿ ಬಣ್ಣ ಪಡೆದು ಆಮೇಲೆ ಜೋಡಣೆಯಾಗುತ್ತಿದ್ದುದರಿಂದ ಅವನ್ನು ಹಿಡಿದಿಡುವ ಬೋಲ್ಟುಗಳು ಕಪ್ಪು ಫಾಸ್ಫೇಟಿನಲ್ಲೇ ಉಳಿಯುತ್ತಿದ್ದವು. ಎಂಜಿನ್ನಿಗೆ ಷೆವ್ರೊಲೆಯ ಕಿತ್ತಳೆ ಬಣ್ಣ ಬೀಳುವ ಹೊತ್ತಿಗೆ ಇನ್‌ಟೇಕ್ ಮ್ಯಾನಿಫೋಲ್ಡ್, ವಾಟರ್ ಪಂಪ್ ಎಲ್ಲವೂ ಕೂತಿರುತ್ತಿದ್ದವು. ಹಾಗಾಗಿ ಅವುಗಳ ಬೋಲ್ಟಿನ ತಲೆಗಳೂ ಕಿತ್ತಳೆಯಾಗಿರಬೇಕು. ಅವನ್ನು ಬಿಚ್ಚಿ ಚೊಕ್ಕಟವಾಗಿ ಪ್ಲೇಟಿಂಗ್ ಮಾಡಿಸಿ ಹಾಕಿದರೆ ಕೆಲಸ ಎಷ್ಟೇ ನಾಜೂಕಾಗಿದ್ದರೂ ಅದು ತಪ್ಪು ಕೆಲಸವೇ.

ಮೂಲ ಲೇಪನದ ಸಾಕ್ಷ್ಯ ಸಾಮಾನ್ಯವಾಗಿ ಕಾರಿನಲ್ಲಿಯೇ ಉಳಿದಿರುತ್ತದೆ. ಬೋಲ್ಟಿನ ತಲೆ ತುಕ್ಕು ಹಿಡಿದಿದ್ದರೂ ವಾಷರಿನ ಅಡಿಯಲ್ಲಿ, ನಟ್ಟಿನೊಳಗೆ ಅಡಗಿದ್ದ ಥ್ರೆಡ್ಡಿನಲ್ಲಿ, ಬ್ರೇಕ್ ಬೂಸ್ಟರ್ (ಬ್ರೇಕ್ ಒತ್ತುವ ಬಲವನ್ನು ಹೆಚ್ಚಿಸುವ ತಗಡಿನ ಡಬ್ಬಿ) ಎಂಜಿನ್ ಹಿಂದಿನ ಗೋಡೆಗೆ ಒತ್ತಿಕೊಂಡಿದ್ದ ಹಿಂಬದಿಯಲ್ಲಿ ಐವತ್ತು ವರ್ಷಗಳ ಹಿಂದಿನ ಬಣ್ಣ ಹಾಗೆಯೇ ಸಿಗಬಹುದು. ಆದ್ದರಿಂದ ಏನನ್ನೂ ತೊಳೆಯುವ ಮೊದಲು, ಬಿಚ್ಚಿದ ಪ್ರತಿಯೊಂದು ತುಂಡನ್ನು ನೆರಳಿರುವ ಹಗಲು ಬೆಳಕಿನಲ್ಲಿ ಬಿಳಿ ಕಾಗದದ ಮೇಲಿಟ್ಟು ಚಿತ್ರ ತೆಗೆದುಕೊಳ್ಳಿ. ಕಾಗದದ ಬಿಳುಪು ಮುಂದೆ ಬಣ್ಣವನ್ನು ಸರಿಯಾಗಿ ಅಳೆಯಲು ಆಧಾರವಾಗುತ್ತದೆ. ಮೇಣದ ಪದರದಂತಿರುವ ಹಳೆಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಮೃದುವಾದ ಬ್ರಷ್ಷಿನಿಂದ ಮಾತ್ರ ತೆಗೆಯಬೇಕು. ಈ ಹಂತದಲ್ಲಿ ತಂತಿ ಬ್ರಷ್ ಮುಟ್ಟಬಾರದು. ಒಂದೊಂದು ಭಾಗದ ಬೋಲ್ಟುಗಳನ್ನು ಪ್ರತ್ಯೇಕ ಚೀಲದಲ್ಲಿಟ್ಟು, ಎಲ್ಲಿಂದ ಬಂತು, ಎಷ್ಟು ಉದ್ದ, ತಲೆಯ ಮೇಲೆ ಯಾವ ಗುರುತಿದೆ ಎಂದು ಬರೆದಿಡಿ. ತಲೆಯ ಮೇಲಿನ ತಯಾರಕರ ಅಕ್ಷರಗಳು ಇಂದಿನ ಬದಲಿ ಬೋಲ್ಟುಗಳಲ್ಲಿ ಹೆಚ್ಚಾಗಿ ಸಿಗುವುದಿಲ್ಲ, ಆದ್ದರಿಂದ ಥ್ರೆಡ್ ಚೆನ್ನಾಗಿರುವ ಹಳೆಯ ಬೋಲ್ಟನ್ನು ಎಸೆಯುವುದು ನನ್ನ ಮಟ್ಟಿಗೆ ಕಾರಿನ ಒಂದು ಚೂರನ್ನೇ ಎಸೆದಂತೆ. ಷೆವ್ರೊಲೆಯ ಅಸೆಂಬ್ಲಿ ಮ್ಯಾನ್ಯುಯಲ್‌ಗಳ ಮರುಮುದ್ರಣಗಳು ದೊರೆಯುತ್ತವೆ. ಯಾವ ಬೋಲ್ಟ್ ಎಲ್ಲಿಗೆ ಎಂಬುದನ್ನು ಅವು ಹೇಳುತ್ತವೆ; ಬಣ್ಣದ ವಿಷಯದಲ್ಲಿ ಮಾತ್ರ ನಿಮ್ಮ ಕಾರಿನ ಮೇಲೆ ಉಳಿದಿರುವುದನ್ನೇ ಹೆಚ್ಚು ನಂಬಿ.

ಇಲ್ಲೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಹಳೆಯ ಬೋಲ್ಟಿನ ಮೇಲಿರುವುದು ಸತುವೋ ಕ್ಯಾಡ್ಮಿಯಮ್ಮೋ ಎಂಬುದು ಕಣ್ಣಿಗೆ ಸುಲಭವಾಗಿ ತಿಳಿಯುವುದಿಲ್ಲ. ಕ್ಯಾಡ್ಮಿಯಮ್ ಲೇಪಿಸಿದ ಬೋಲ್ಟು ಬಿಗಿದುಕೊಂಡಿದೆಯೆಂದು ಗ್ಯಾಸ್ ಜ್ವಾಲೆ ಹಿಡಿದರೆ ಏಳುವ ಹೊಗೆ ಪ್ರಾಣಕ್ಕೇ ಅಪಾಯಕಾರಿ, ಅದನ್ನು ಒಣಗಿದಂತೆಯೇ ಉಜ್ಜಿದಾಗ ಹಾರುವ ಧೂಳೂ ವಿಷವೇ. ಇಂಥ ತುಂಡುಗಳನ್ನು ಕಾಯಿಸಬೇಡಿ. ಹೊಸದಾಗಿ ಕ್ಯಾಡ್ಮಿಯಮ್ ಲೇಪಿಸುವ ಯೋಚನೆಯನ್ನೂ ಬಿಡಿ. ಹೆಚ್ಚು ಹೊಳಪಿಲ್ಲದ ಸತುವಿನ ಲೇಪನ ಅದಕ್ಕೆ ಸಾಕಷ್ಟು ಹತ್ತಿರ ಬರುತ್ತದೆ.

ಹಳೆಯ ಸತುವನ್ನು ತೆಗೆಯಲು ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲ ಸಾಕು. ಸತುವಿರುವವರೆಗೆ ದ್ರವ ಭೋರೆಂದು ನೊರೆಯೇಳುತ್ತದೆ, ಸತು ಕರಗಿ ಉಕ್ಕು ಹೊರಬಂದ ಕೂಡಲೇ ನೊರೆ ಇಳಿಯುತ್ತದೆ. ಆ ಕ್ಷಣವೇ ತುಂಡನ್ನು ತೆಗೆದು, ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಅದ್ದಿ ತೊಳೆಯಬೇಕು. ಆದರೆ ಗಟ್ಟಿ ಉಕ್ಕಿನ ಬೋಲ್ಟುಗಳನ್ನು ಆಮ್ಲಕ್ಕೆ ಹಾಕಬಾರದು. ಆಮ್ಲದಲ್ಲಿ ಹುಟ್ಟುವ ಹೈಡ್ರೋಜನ್ ಉಕ್ಕಿನೊಳಗೆ ಸೇರಿ ಅದನ್ನು ಪೆಡಸಾಗಿಸುತ್ತದೆ, ಬಿಗಿ ಮಾಡಿ ಕೆಲವು ಗಂಟೆಗಳ ಅಥವಾ ದಿನಗಳ ನಂತರ ಯಾವ ಮುನ್ಸೂಚನೆಯೂ ಇಲ್ಲದೆ ಬೋಲ್ಟಿನ ತಲೆ ಹಾರಿಹೋಗಬಹುದು. ಬೋಲ್ಟಿನ ಗಟ್ಟಿತನದ ದರ್ಜೆಯನ್ನು ತಲೆಯಿಂದ ತಿಳಿಯಬಹುದು: ಅದರ ಮೇಲೆ ಮೂರು ಗೀರುಗಳಿದ್ದರೆ ಗ್ರೇಡ್ 5, ಆರು ಗೀರುಗಳಿದ್ದರೆ ಇನ್ನೂ ಗಟ್ಟಿಯಾದ ಗ್ರೇಡ್ 8. ಆರು ಗೀರಿನವುಗಳನ್ನೂ ಸ್ಪ್ರಿಂಗುಗಳನ್ನೂ ಬ್ಲಾಸ್ಟಿಂಗಿನಿಂದಲೇ (ಗಾಳಿಯ ಒತ್ತಡದಲ್ಲಿ ಸಣ್ಣ ಕಣಗಳನ್ನು ಹೊಡೆದು) ಶುಚಿಮಾಡಿ. ಸ್ಟೀರಿಂಗ್, ಸಸ್ಪೆನ್ಷನ್ ಮತ್ತು ಬ್ರೇಕಿನ ಬೋಲ್ಟುಗಳ ಬಗ್ಗೆ ಸ್ವಲ್ಪ ಅನುಮಾನವಿದ್ದರೂ ಸರಿಯಾದ ಗ್ರೇಡಿನ ಹೊಸದನ್ನು ಹಾಕುವುದೇ ಲೇಸು.

ಫಾಸ್ಫೇಟ್ ಲೇಪನ ಮನೆಯ ಷೆಡ್ಡಿನಲ್ಲಿಯೇ ಮಾಡಬಹುದಾದ ಕೆಲಸ, ಮತ್ತು ಕ್ಯಾಮರೊದ ಬಾನೆಟ್ ಹಿಂಜು ಅದನ್ನು ಕಲಿಯಲು ಒಳ್ಳೆಯ ತುಂಡು. 1915ರಲ್ಲಿ ಡೆಟ್ರಾಯಿಟಿನಲ್ಲಿ ಆರಂಭವಾದ ಪಾರ್ಕರ್ ಕಂಪನಿಯಿಂದಾಗಿ ಈ ವಿಧಾನಕ್ಕೆ ಪಾರ್ಕರೈಸಿಂಗ್ ಎಂಬ ಹೆಸರೂ ಇದೆ. ಸತುವಿನ ಫಾಸ್ಫೇಟ್ ತಿಳಿಬೂದು ಬಣ್ಣ ಕೊಡುತ್ತದೆ, ಮ್ಯಾಂಗನೀಸ್ ಫಾಸ್ಫೇಟ್ ಕಪ್ಪಿಗೆ ತಿರುಗುವ ಗಾಢ ಬೂದು ಕೊಡುತ್ತದೆ. ನಿಮ್ಮ ಹಿಂಜಿನ ಮಡಿಕೆಗಳಲ್ಲಿ ಉಳಿದಿರುವ ಬಣ್ಣವನ್ನು ನೋಡಿ ಆರಿಸಿಕೊಳ್ಳಿ. ಮೊದಲು ಸ್ಪ್ರಿಂಗನ್ನು ಜೋಪಾನವಾಗಿ ತೆಗೆಯಿರಿ, ಅದರ ಎಳೆತ ಬೆರಳು ಮುರಿಯುವಷ್ಟಿರುತ್ತದೆ. ಗಾಜಿನ ಮಣಿಗಳ ಬ್ಲಾಸ್ಟಿಂಗ್ ಮೇಲ್ಮೈಯನ್ನು ನಯವಾಗಿಸುತ್ತದೆ, ಫಾಸ್ಫೇಟಿಗೆ ಬೇಕಾದುದು ಸಣ್ಣ ತರಿ. ಆದ್ದರಿಂದ ಸಣ್ಣ ಕಣಗಳ ಅಲ್ಯೂಮಿನಿಯಂ ಆಕ್ಸೈಡ್ ಬಳಸಿ. ಬ್ಲಾಸ್ಟಿಂಗ್ ಆದ ಮೇಲೆ ಬರಿಗೈಯಿಂದ ಮುಟ್ಟಿದರೆ ಬೆರಳಚ್ಚು ಕೂಡ ಬಣ್ಣದಲ್ಲಿ ಮೂಡುತ್ತದೆ.

ಸ್ಟೇನ್‌ಲೆಸ್ ಪಾತ್ರೆಯಲ್ಲಿ, ತಯಾರಕರು ಹೇಳಿದ ಪ್ರಮಾಣದಲ್ಲಿ ಡಿಸ್ಟಿಲ್ಡ್ ವಾಟರ್ ಬೆರೆಸಿದ ಫಾಸ್ಫೇಟ್ ದ್ರಾವಣವನ್ನು 88ರಿಂದ 95 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟುಕೊಳ್ಳಬೇಕು; ಕುದಿಯಲು ಬಿಡಬಾರದು. ಅಲ್ಯೂಮಿನಿಯಂ ಪಾತ್ರೆ ನಡೆಯುವುದಿಲ್ಲ. ಹೈಡ್ರೋಜನ್ ಹೊರಬರುವುದರಿಂದ ಬೆಂಕಿಯ ಒಲೆಯ ಬದಲು ವಿದ್ಯುತ್ ಒಲೆಯನ್ನು, ಅದೂ ಬಯಲಿನಲ್ಲಿ, ಬಳಸಿ. ಹಿಂಜನ್ನು ಬಿಸಿನೀರಿನಲ್ಲಿ ಕಾಯಿಸಿಕೊಂಡು ಒಳಗೆ ಇಳಿಬಿಟ್ಟರೆ ಮೈತುಂಬ ಸಣ್ಣ ಗುಳ್ಳೆಗಳು ಏಳುತ್ತವೆ, ಹತ್ತು-ಹದಿನೈದು ನಿಮಿಷಗಳಲ್ಲಿ ಅವು ವಿರಳವಾಗುತ್ತವೆ. ಅಷ್ಟರಲ್ಲಿ ಲೋಹದ ಹೊಳಪು ಪೂರ್ತಿ ಹೋಗಿ, ಬೆಳಕನ್ನು ಹೀರುವ ಒರಟು ಬೂದು ಬಂದಿರುತ್ತದೆ. ಬಿಸಿನೀರಿನಲ್ಲಿ ತೊಳೆದು, ತನ್ನ ಶಾಖಕ್ಕೇ ಒಣಗಲು ಬಿಟ್ಟು, ತಡಮಾಡದೆ ತೆಳುವಾದ ಎಣ್ಣೆ ಹಚ್ಚಿ. ಫಾಸ್ಫೇಟ್ ತಾನಾಗಿಯೇ ತುಕ್ಕನ್ನು ಹೆಚ್ಚು ತಡೆಯುವುದಿಲ್ಲ. ಅದರ ಹರಳುಗಳ ನಡುವೆ ನಿಲ್ಲುವ ಎಣ್ಣೆಯೇ ತಡೆಯುವುದು. ಒಂದು ರಾತ್ರಿ ಬಿಟ್ಟು ಒರೆಸಿದಾಗ ಕಾಣುವ ಗಾಢ ಬಣ್ಣವೇ ನಿಜವಾದ ಬಣ್ಣ. ಸ್ಪ್ರಿಂಗನ್ನೂ ಹೀಗೆ ಮಾಡಿದ್ದರೆ, ಎಣ್ಣೆ ಹಚ್ಚುವ ಮೊದಲು ಅದನ್ನು 100 ಡಿಗ್ರಿಯ ಸುಮಾರಿನಲ್ಲಿ 8 ಗಂಟೆ ಕಾಯಿಸಿ, ಸೇರಿಕೊಂಡ ಹೈಡ್ರೋಜನ್ನನ್ನು ಹೊರಹಾಕಬೇಕು. ಅಡುಗೆಗೆ ಬಳಸುವ ಓವನ್ ಇದಕ್ಕೆ ಬೇಡ.

ಡೆಲ್ಕೊ ಮೊರೇನ್ ಬ್ರೇಕ್ ಬೂಸ್ಟರಿನ ಮೇಲಿರುವ, ಕೆಂಪು-ಹಸಿರು ಛಾಯೆ ಆಡುವ ಹೊಂಬಣ್ಣ ಬೇರೆಯದೇ ಪ್ರಕ್ರಿಯೆ. ಇದನ್ನು ಪ್ಲೇಟಿಂಗ್ ಘಟಕಕ್ಕೆ ಕೊಡುವುದು ಉತ್ತಮ, ಏಕೆಂದರೆ ಆ ಕಾಲದ ಹಳದಿ ಕ್ರೋಮೇಟಿನಲ್ಲಿರುವ ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್‌ಕಾರಕ, ಅದರ ಹನಿಯೂ ಚರಂಡಿಗೆ ಹೋಗಬಾರದು. ಬೆಂಗಳೂರಿನಲ್ಲಿರುವವರಿಗೆ ಪೀಣ್ಯದಲ್ಲಿ ಇಂಥ ಘಟಕಗಳು ಸಾಕಷ್ಟಿವೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವುದನ್ನು ಕೇಳಿ ಖಚಿತಪಡಿಸಿಕೊಳ್ಳಿ. ಬರಿದೆ ಝಿಂಕ್ ಪ್ಲೇಟಿಂಗ್ ಎಂದರೆ ಸಾಲದು. ಯೆಲ್ಲೋ ಪಾಸಿವೇಶನ್ (ಸತುವಿನ ಮೇಲಿನ ಹಳದಿ ಕ್ರೋಮೇಟ್ ಪದರ) ಬೇಕೋ ಬಿಳಿಯದು ಬೇಕೋ ಎಂದು ಹೇಳಿ, ಮೂಲ ಬಣ್ಣ ಉಳಿದಿರುವ ಒಂದು ತುಂಡನ್ನು ಮಾದರಿಯಾಗಿ ತೋರಿಸಿ. ಲೇಪನದ ದಪ್ಪ 5ರಿಂದ 8 ಮೈಕ್ರಾನ್ ಇರಲಿ. ಥ್ರೆಡ್ಡಿನ ಇಳಿಜಾರಿನಿಂದಾಗಿ ಅದರ ಪಿಚ್ ವ್ಯಾಸ (ಥ್ರೆಡ್ಡಿನ ಏರುತಗ್ಗುಗಳ ನಡುಮಟ್ಟದ ವ್ಯಾಸ) ಲೇಪನದ ದಪ್ಪದ ನಾಲ್ಕು ಪಟ್ಟಿನಷ್ಟು ಬೆಳೆಯುತ್ತದೆ. ದಪ್ಪ ಲೇಪನ ಕೇಳಿದರೆ ನಟ್ ಕೂರುವುದೇ ಇಲ್ಲ. ಬೋಲ್ಟುಗಳನ್ನು ಬ್ಯಾರೆಲ್ಲಿಗೆ (ಒಟ್ಟಿಗೆ ಉರುಳಿಸುತ್ತ ಲೇಪಿಸುವ ಪೀಪಾಯಿಗೆ) ಹಾಕಬಹುದು, ಬೂಸ್ಟರಿನ ತಗಡುಗಳನ್ನು ತೂಗುಹಾಕಿಯೇ ಮಾಡಬೇಕು. ಗ್ರೇಡ್ 8 ಬೋಲ್ಟುಗಳಿದ್ದರೆ ಸತು ಕೂತ 4 ಗಂಟೆಯೊಳಗೆ 190ರಿಂದ 220 ಡಿಗ್ರಿಯಲ್ಲಿ ಕನಿಷ್ಠ 4 ಗಂಟೆ ಬೇಕಿಂಗ್ ಮಾಡಿ, ಪಾಸಿವೇಶನ್ ಅನ್ನು ಅದರ ನಂತರ ಕೊಡಬೇಕೆಂದು ಬರೆದುಕೊಡಿ. ಮೊದಲೇ ಕೊಟ್ಟರೆ ಆ ಶಾಖಕ್ಕೆ ಕ್ರೋಮೇಟ್ ಹಾಳಾಗುತ್ತದೆ.

ಮರಳಿ ಬಂದ ತುಂಡುಗಳ ಹಳದಿ ಪದರ ಮೊದಲ ದಿನ ಮೃದುವಾಗಿರುತ್ತದೆ. ಒಂದನ್ನೊಂದು ತಾಗದಂತೆ ಹರಡಿಟ್ಟು, ಮರುದಿನದ ನಂತರ ಜೋಡಿಸಿ. ಬೋಲ್ಟಿನ ತಲೆಗೆ ಆರು ಅಂಚಿನ ಸಾಕೆಟ್ ಸರಿಯಾಗಿ ಕೂರುವುದನ್ನು ನೋಡಿಕೊಂಡು, ನಡುವೆ ತೆಳು ಪ್ಲಾಸ್ಟಿಕ್ ಹಾಳೆ ಇಟ್ಟು ಬಿಗಿದರೆ ಲೇಪನ ಕೆರೆಯುವುದಿಲ್ಲ. ಎಣ್ಣೆ ಕುಡಿದ ಫಾಸ್ಫೇಟ್ ಥ್ರೆಡ್ಡಿನಲ್ಲಿ ಘರ್ಷಣೆ ಕಡಿಮೆಯಿರುವುದರಿಂದ ಒಣ ಥ್ರೆಡ್ಡಿಗೆ ಹೇಳಿದ ಅದೇ ಟಾರ್ಕಿನಲ್ಲಿ (ತಿರುಗಿಸಿ ಬಿಗಿಯುವ ಬಲದಲ್ಲಿ) ಬೋಲ್ಟ್ ಹೆಚ್ಚು ಎಳೆತಕ್ಕೆ ಸಿಲುಕುತ್ತದೆ; ಮ್ಯಾನ್ಯುಯಲ್ಲಿನ ಅಂಕಿ ಒಣ ಥ್ರೆಡ್ಡಿನದೋ ಎಣ್ಣೆ ಹಚ್ಚಿದ್ದೋ ಎಂದು ನೋಡಿಕೊಂಡೇ ರೆಂಚ್ ಹಿಡಿಯಿರಿ. ಫಾಸ್ಫೇಟ್ ಭಾಗಗಳಿಗೆ ಮಳೆಗಾಲದ ಮೊದಲೊಮ್ಮೆ ಎಣ್ಣೆಯ ಬಟ್ಟೆಯಿಂದ ಒರೆಸಿ. ಅವುಗಳ ಮೇಲೆ ಹೊಳಪಿನ ಲ್ಯಾಕರ್ ಮಾತ್ರ ಹೊಡೆಯಬೇಡಿ.